ಗೋಡೆಯ ಮೇಲಿನ ಧರ್ಮೋಪದೇಶ

ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯಲ್ಲಿರುವ ಆನೆಕಲ್ ಸೋಮೇಶ್ವರ ದೇವಾಲಯದ ಕಲ್ಲಿನ ಜಾಲಂಧ್ರಗಳನ್ನು ನಮ್ಮ ಭಾಗದ ಕಥೊಲಿಕ ಕುಟುಂಬಗಳಲ್ಲಿ ನೋಡದವರು ಕಡಿಮೆ. ಶಾಲೆಯ ಪ್ರವಾಸದಲ್ಲೋ ನೆಂಟರೊಡನೆಯೋ ಒಮ್ಮೆಯಾದರೂ ಅಲ್ಲಿಗೆ ಹೋಗಿ ಬಂದಿರುತ್ತೇವೆ. ರಾಮಾಯಣ ಮಹಾಭಾರತಗಳ ದೃಶ್ಯಗಳನ್ನು ಶಿಲ್ಪಿಗಳು ಆ ಕಲ್ಲಿನಲ್ಲಿ ಬಿಡಿಸಿಟ್ಟಿದ್ದಾರೆ. ಕತೆ ಬಲ್ಲ ಹಿರಿಯರೊಬ್ಬರು ಜೊತೆಗಿದ್ದರೆ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಇಲ್ಲವಾದರೆ ಐದೇ ನಿಮಿಷದಲ್ಲಿ ಬುತ್ತಿಗಂಟಿನ ಕಡೆಗೆ ಓಡುತ್ತಾರೆ. ಅಲ್ಲಿಯ ಶಾಸನಗಳ ಮಾತೂ ಅಷ್ಟೆ. ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯೆಂಬ ಮಹಿಳೆ 918ರಲ್ಲಿ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನ ವ್ರತ ಕೈಗೊಂಡು ದೇಹತ್ಯಾಗ ಮಾಡಿದ ಸಂಗತಿಯನ್ನು ಶಾಸನ ತಿಳಿಸುತ್ತದೆ. ಓದಿ ಹೇಳುವವರಿಲ್ಲದಿದ್ದರೆ ಅದು ಗೀರು ಬಿದ್ದ ಬಂಡೆ, ಅಷ್ಟೇ.

ಇಂತಹ ಸ್ಥಳಗಳ ನೆರೆಯಲ್ಲಿ ಬೆಳೆಯುವ ನಮ್ಮ ಮಕ್ಕಳು ಧರ್ಮೋಪದೇಶದ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದುಂಟು. ನಮ್ಮ ದೇವಾಲಯಗಳ ಗೋಡೆಗಳು ಏಕೆ ಬರೀ ಬಿಳಿ? ನಮ್ಮಲ್ಲಿ ಹೀಗೆ ಕತೆ ಹೇಳುವ ಪದ್ಧತಿ ಇಲ್ಲವೇ?

ಪದ್ಧತಿ ಇದೆ; ಬಹಳ ಹಳೆಯದೂ ಹೌದು. ಸುಮಾರು 600ರ ಹೊತ್ತಿಗೆ ಮಾರ್ಸೇಲ್ಸಿನ ಧರ್ಮಾಧ್ಯಕ್ಷ ಸೆರೆನುಸ್ ತಮ್ಮ ದೇವಾಲಯದ ಚಿತ್ರಗಳನ್ನು ನಾಶಪಡಿಸಿದಾಗ ಪೋಪ್ ಮಹಾ ಗ್ರೆಗೊರಿಯವರು ಪತ್ರ ಬರೆದು ಅವರನ್ನು ಆಕ್ಷೇಪಿಸಿದ್ದರು. ಓದು ಬಲ್ಲವರಿಗೆ ಗ್ರಂಥ ಹೇಗೋ ಓದು ಬಾರದವರಿಗೆ ಚಿತ್ರ ಹಾಗೆ ಎಂಬುದು ಅವರ ವಾದದ ತಿರುಳು. ಮಧ್ಯಯುಗದ ಯೂರೋಪು ಈ ಮಾತನ್ನು ಅಕ್ಷರಶಃ ನಡೆಸಿತು. ಇಟಲಿಯ ಪಾದುವ ನಗರದಲ್ಲಿ 1305ರಲ್ಲಿ ಪ್ರತಿಷ್ಠಾಪನೆಗೊಂಡ ಸ್ಕ್ರೊವೆಞಿ ಪ್ರಾರ್ಥನಾಲಯದ ಗೋಡೆಗಳಲ್ಲಿ ಜೊತ್ತೊ ಎಂಬ ಕಲಾವಿದ ಮಾತೆ ಮರಿಯಮ್ಮನವರ ಮತ್ತು ಪ್ರಭು ಯೇಸುವಿನ ಜೀವನವನ್ನು ಸಾಲುಸಾಲಾಗಿ ಬರೆದಿಟ್ಟ. ಪಾದುವದ ಹದಿನಾಲ್ಕನೆಯ ಶತಮಾನದ ಈ ಭಿತ್ತಿಚಿತ್ರಗಳನ್ನು ಯುನೆಸ್ಕೊ 2021ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಅಷ್ಟು ಹಳೆಯ ಭಿತ್ತಿಚಿತ್ರಗಳುಳ್ಳ ಇಗರ್ಜಿ ಕರ್ನಾಟಕದಲ್ಲಿಲ್ಲ. ಕರಾವಳಿಯಲ್ಲಿ ಹದಿನಾರನೆಯ ಶತಮಾನದಿಂದಲೇ ಇಗರ್ಜಿಗಳಿದ್ದುವಾದರೂ 1784ರ ಸೆರೆವಾಸದ ಕಾಲದಲ್ಲಿ ಬಹುಪಾಲು ನೆಲಸಮವಾದುವು. ಈಗ ನಾವು ಕಾಣುವ ಕಟ್ಟಡಗಳು ಹೆಚ್ಚಾಗಿ ಅನಂತರದವು. ಹಳೆಯ ಭಿತ್ತಿಚಿತ್ರಗಳೇ ಬೇಕೆಂದರೆ ಹಳೆಗೋವೆಯ ಸಂತ ಮೋನಿಕರ ಕನ್ಯಾಮಠಕ್ಕೋ ಕೇರಳದ ಅಂಗಮಾಲಿ, ಅಕಪರಂಬುಗಳ ಸುರಿಯಾನಿ ದೇವಾಲಯಗಳಿಗೋ ಹೋಗಬೇಕು. ಆದರೆ ಆ ಮಧ್ಯಯುಗದ ಕೈಕೆಲಸವನ್ನೇ ಇಟಲಿಯಿಂದ ನಮ್ಮ ಕರಾವಳಿಗೆ ತಂದ ಸನ್ಯಾಸಿಯೊಬ್ಬರ ದುಡಿಮೆ ಘಟ್ಟದ ಕೆಳಗೆ, ಒಂದು ದಿನದ ಪ್ರಯಾಣದ ದೂರದಲ್ಲಿದೆ. ಮಂಗಳೂರಿನ ಲೈಟ್‌ಹೌಸ್ ಹಿಲ್‌ನಲ್ಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯವೇ ಅದು. ನಮ್ಮಲ್ಲಿ ಹಲವರ ಹಿರಿಯರು ಆ ಕಡೆಯಿಂದಲೇ ಘಟ್ಟ ಹತ್ತಿ ಬಂದವರು. ಮದುವೆ, ಆಸ್ಪತ್ರೆ, ಕಾಲೇಜು ಎಂದು ವರ್ಷಕ್ಕೆ ಹಲವು ಬಾರಿ ಮಂಗಳೂರಿಗೆ ಇಳಿಯುವ ಕುಟುಂಬಗಳೂ ಈ ಪ್ರಾರ್ಥನಾಲಯವನ್ನು ಸಾವಕಾಶವಾಗಿ ನೋಡಿಲ್ಲವೆಂಬುದನ್ನು ನಾವು ಬಲ್ಲೆವು. ಕೆಲವು ಕುಟುಂಬಗಳು ಕೂಡಿ, ತೀರ್ಥಹಳ್ಳಿ ಆಗುಂಬೆಗಳ ಮಾರ್ಗವಾಗಿ, ಅದೊಂದನ್ನೇ ಉದ್ದೇಶವಾಗಿಟ್ಟುಕೊಂಡು ಹೋಗಿ ಬಂದ ಮೇಲೆ ಈ ಲೇಖನವನ್ನು ಬರೆಯುತ್ತಿದ್ದೇವೆ.

ಯೇಸುಸಭೆಯ ಇಟಲಿಯ ಗುರುಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯಲ್ಲಿ. 1880ರಲ್ಲಿ ಅವರು ಕಾಲೇಜು ತೆರೆದರು. 2024ರಲ್ಲಿ ಅದು ಪರಿಗಣಿತ ವಿಶ್ವವಿದ್ಯಾಲಯವಾಯಿತು. ವಿದ್ಯಾರ್ಥಿಗಳ ಪ್ರಾರ್ಥನೆಗೆಂದು ಆ ದಶಕದಲ್ಲೇ ಪ್ರಾರ್ಥನಾಲಯವನ್ನೂ ಕಟ್ಟಿದರು. ಹೊರಗಿನಿಂದ ನೋಡಿದರೆ ಇಷ್ಟೇಯೇ ಎನಿಸುವ ಸರಳ ಕಟ್ಟಡ. ಒಳಗೆ ಕಾಲಿಟ್ಟರೆ ಬಣ್ಣವಿಲ್ಲದ ಗೋಡೆಯನ್ನು ಹುಡುಕಬೇಕಾಗುತ್ತದೆ.

ಆ ಬಣ್ಣವೆಲ್ಲ ಸಹೋದರ ಆಂತೋನಿಯೊ ಮೊಸ್ಕೆನಿಯವರದು. ಇಟಲಿಯ ಬೆರ್ಗಮೊ ಸಮೀಪದ ಸ್ತೆತ್ಸಾನೊ ಎಂಬಲ್ಲಿ 1854ರಲ್ಲಿ ಜನಿಸಿದವರು. ಬೆರ್ಗಮೊದ ಕರ್ರಾರ ಕಲಾಶಾಲೆಯಲ್ಲಿ ಕಲಿತು, ಚಿತ್ರಕಾರರಾಗಿ ಹೆಸರು ಮಾಡುತ್ತಿದ್ದಾಗಲೇ 1889ರಲ್ಲಿ ಯೇಸುಸಭೆಯನ್ನು ಸೇರಿದರು. ಗುರುಪಟ್ಟ ಪಡೆಯದೆ ಸಹೋದರರಾಗಿಯೇ ಉಳಿದರು. 1898ರಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ನಲವತ್ತನಾಲ್ಕು ವಯಸ್ಸು. 1899ರಿಂದ 1901ರವರೆಗೆ ಈ ಗೋಡೆ, ಕಮಾನು, ಛಾವಣಿಗಳೇ ಅವರ ಲೋಕವಾದುವು.

ಹಸಿಗಾರೆಯ ಚಿತ್ರವೆಂದರೆ ಏನೆಂಬುದನ್ನು ಮೊದಲೇ ತಿಳಿದುಕೊಂಡು ಹೋದರೆ ಕಣ್ಣಿಗೆ ಹೆಚ್ಚು ಕಾಣುತ್ತದೆ. ಇಟಲಿಯ ಭಾಷೆಯಲ್ಲಿ ಫ್ರೆಸ್ಕೊ ಎಂದರೆ ತಾಜಾ, ಹಸಿ ಎಂದರ್ಥ. ಅರಳಿಸಿದ ಸುಣ್ಣಕ್ಕೆ ಮರಳು ಬೆರೆಸಿ, ನಯವಾದ ಗಾರೆಯನ್ನು ಗೋಡೆಗೆ ಬಳಿಯುತ್ತಾರೆ. ಅದು ಹಸಿಯಿರುವಾಗಲೇ ಬರಿಯ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣದ ಕಲ್ಲಾಗುವಾಗ ಬಣ್ಣವೂ ಅದರೊಳಗೆ ಸಿಕ್ಕಿ ಕಲ್ಲಿನ ಭಾಗವೇ ಆಗಿಬಿಡುತ್ತದೆ. ಅಂಟು ಬೇಕಿಲ್ಲ. ಆದರೆ ಒಂದು ದಿನದಲ್ಲಿ ಎಷ್ಟು ಬರೆಯಬಹುದೋ ಅಷ್ಟೇ ಗಾರೆಯನ್ನು ಬೆಳಿಗ್ಗೆ ಬಳಿಯಬೇಕು. ಕೈ ತಪ್ಪಿದರೆ ಅಳಿಸುವಂತಿಲ್ಲ. ಗಾರೆಯನ್ನೇ ಕೆತ್ತಿ ತೆಗೆದು ಮೊದಲಿನಿಂದ ಆರಂಭಿಸಬೇಕು. ಜೊತ್ತೊ ಪಾದುವದಲ್ಲಿ ಅನುಸರಿಸಿದ್ದು ಇದೇ ಕ್ರಮ. ಮೊಸ್ಕೆನಿಯವರು ಗೋಡೆಗಳಲ್ಲಿ ಈ ಕ್ರಮವನ್ನೂ ಛಾವಣಿಯಲ್ಲಿ ಕ್ಯಾನ್ವಾಸ್ ಬಟ್ಟೆಯ ಮೇಲೆ ತೈಲವರ್ಣವನ್ನೂ ಬಳಸಿದರು. ಕರಾವಳಿಯ ಮಳೆಗಾಲದಲ್ಲಿ ಮನೆಯ ಗೋಡೆಗೆ ಸುಣ್ಣ ಹೊಡೆಸಿ ನೋಡಿದವರಿಗೆ ಆ ಹವೆಯಲ್ಲಿ ಇದೆಂತಹ ಸಾಹಸವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಈ ಪ್ರಾರ್ಥನಾಲಯವನ್ನು ರೋಮಿನ ಸಿಸ್ಟೀನ್ ಪ್ರಾರ್ಥನಾಲಯಕ್ಕೆ ಹೋಲಿಸುವುದು ರೂಢಿಯಾಗಿದೆ. ನಮಗೆ ಆ ಹೋಲಿಕೆ ಅಷ್ಟಾಗಿ ಹಿಡಿಸಲಿಲ್ಲ. ಅದು ಪೋಪರ ಅರಮನೆಯ ದೇವಾಲಯ. ಇದು ಶಾಲಾ ಮಕ್ಕಳ ದೇವಾಲಯ. ಇಲ್ಲಿ ಬರೆದದ್ದೆಲ್ಲವೂ ಹುಡುಗರ ಕಣ್ಣಿಗಾಗಿ ಬರೆದದ್ದು. ಛಾವಣಿಯ ನಡುಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಜೀವನ, ಇಳಿಜಾರಿನ ಭಾಗದಲ್ಲಿ ಪ್ರೇಷಿತರು, ಕಮಾನುಗಳಲ್ಲಿ ಸಂತರು, ಪಕ್ಕದ ಗೋಡೆಗಳಲ್ಲಿ ಯೇಸುಸ್ವಾಮಿಯ ಜೀವನ. ಹೊರಡುವಾಗ ತಿರುಗಿ ನೋಡಿದರೆ ಹಿಂಬದಿಯ ಗೋಡೆಯಲ್ಲಿ ಯೇಸುಸ್ವಾಮಿ ಮಕ್ಕಳ ಗೆಳೆಯನಾಗಿ ಕಾಣಿಸಿಕೊಳ್ಳುತ್ತಾರೆ.

ಮಾರ್ಗದರ್ಶಿ ಮೊದಲು ಎಲ್ಲರನ್ನೂ ಬೆಂಚುಗಳಲ್ಲಿ ಕೂರಿಸಿದರು. ಇದು ಒಳ್ಳೆಯ ಕ್ರಮ. ನಡೆದಾಡುತ್ತ ನೋಡುವವನಿಗೆ ಛಾವಣಿ ದಕ್ಕುವುದಿಲ್ಲ. ಅಲೋಶಿಯಸ್ 1568ರಲ್ಲಿ ಕಾಸ್ತಿಲ್ಯೋನೆಯ ಪಾಳೆಯಗಾರ ಮನೆತನದಲ್ಲಿ ಹಿರಿಯ ಮಗನಾಗಿ ಜನಿಸಿದ್ದು, ಸಂತ ಚಾರ್ಲ್ಸ್ ಬೊರೊಮೆಯೊರಿಂದ ಮೊದಲ ಪರಮಪ್ರಸಾದ ಪಡೆದದ್ದು, ತಂದೆಯ ವಿರೋಧವನ್ನು ಗೆದ್ದು ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಹದಿನೇಳನೆಯ ವಯಸ್ಸಿನಲ್ಲಿ ಯೇಸುಸಭೆ ಸೇರಿದ್ದು, ಇವೆಲ್ಲವನ್ನೂ ಅವರು ಒಂದೊಂದಾಗಿ ತೋರಿಸಿದರು. ಮಕ್ಕಳು ಕೇಳಿದರು, ಕೆಲವರು ಆಕಳಿಸಿದರು.

ಮಕ್ಕಳು ನೆಟ್ಟಗೆ ಕುಳಿತದ್ದು ರೋಮಿನ ಪಿಡುಗಿನ ಚಿತ್ರಕ್ಕೆ ಬಂದಾಗ. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ಹರಡಿದಾಗ ಅಲೋಶಿಯಸ್ ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಹೊತ್ತು ಆಸ್ಪತ್ರೆಗೆ ತಂದು ಶುಶ್ರೂಷೆ ಮಾಡಿದರು. ಆ ಸೇವೆಯಲ್ಲಿಯೇ ರೋಗ ತಗಲಿ ಜೂನ್ 21ರಂದು ತೀರಿಕೊಂಡರು. ವಯಸ್ಸು ಇಪ್ಪತ್ತಮೂರು. 2020ರ ಮಹಾಮಾರಿಯನ್ನು ಕಂಡ ಮಕ್ಕಳಿಗೆ ಇದು ದೂರದ ಕತೆಯಲ್ಲ. ನಮ್ಮ ಸೊರಬದ ಮಕ್ಕಳಿಗಂತೂ ಇನ್ನೂ ಹತ್ತಿರ. 1957ರಲ್ಲಿ ಮಂಗನ ಕಾಯಿಲೆ ಮೊದಲು ಗುರುತಿಸಲ್ಪಟ್ಟದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಲೋಕದ ವೈದ್ಯಗ್ರಂಥಗಳಲ್ಲೆಲ್ಲ ಆ ರೋಗಕ್ಕೆ ಇರುವುದು ಆ ಕಾಡಿನ ಹೆಸರೇ. ಕಾಡಿಗೆ ಸೌದೆಗೆ ಹೋದವರು ಜ್ವರ ಹಿಡಿದು ಮಲಗಿದ ಕತೆಗಳನ್ನು ಅಜ್ಜಿಯರಿಂದ ಕೇಳಿ ಬೆಳೆದವರು ಇವರು. "ಆಗ ನಮ್ಮೂರಿನಲ್ಲಿ ರೋಗಿಗಳನ್ನು ಹೊತ್ತವರು ಯಾರು?" ಎಂದು ನಮ್ಮ ಗುಂಪಿನ ಬಾಲಕಿಯೊಬ್ಬಳು ಕೇಳಿದಳು. ಮಾರ್ಗದರ್ಶಿಗೆ ಅದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಉತ್ತರ ಹೇಳಬೇಕಾದವರು ನಾವು. ಆ ರೋಗ ಉಣುಗಿನಿಂದ ಹರಡುವುದೇ ಹೊರತು ರೋಗಿಯನ್ನು ಮುಟ್ಟಿದ್ದರಿಂದಲ್ಲ ಎಂದು ಒಬ್ಬರು ವಿವರಿಸಿದರು; ಅದು ತಿಳಿಯದಿದ್ದ ಕಾಲದಲ್ಲಿಯೂ ಕಂಬಳಿಯಲ್ಲಿ ರೋಗಿಯನ್ನು ಹೊತ್ತು ರಸ್ತೆ ಮುಟ್ಟಿಸಿದ ನೆರೆಹೊರೆಯವರಿದ್ದರು ಎಂದು ಇನ್ನೊಬ್ಬರು ನೆನಪಿಸಿಕೊಂಡರು. ಬಲಿಪೀಠದ ಎದುರಿನ ಬೆಂಚಿನಲ್ಲಿ, ಆ ಚಿತ್ರದ ಕೆಳಗೆ, ಕಾಲು ಗಂಟೆ ಈ ಮಾತೇ ನಡೆಯಿತು. ಮೊಸ್ಕೆನಿಯವರು ಕುಂಚ ಹಿಡಿದದ್ದು ಇಂತಹ ಮಾತು ಹುಟ್ಟಲೆಂದೇ ಇರಬೇಕು.

ಇಲ್ಲಿಯೇ ನಮ್ಮ ತಕರಾರೂ ಇದೆ. ನಾವು ಕುಳಿತಿದ್ದಷ್ಟು ಹೊತ್ತಿನಲ್ಲಿ ನಾಲ್ಕಾರು ತಂಡಗಳು ಬಂದು ಹೋದುವು. ಹೆಚ್ಚಿನವರು ಕತ್ತೆತ್ತಿ ಒಂದು ಸುತ್ತು ನೋಡಿ, ಚಿತ್ರ ತೆಗೆಯಬಾರದೆಂಬ ನಿಯಮ ತಿಳಿದೊಡನೆ ಮುಖ ಸಪ್ಪಗೆ ಮಾಡಿಕೊಂಡು, ಪಕ್ಕದ ಅಲೋಶಿಯಂ ವಸ್ತುಸಂಗ್ರಹಾಲಯಕ್ಕೆ ಸಾಗಿದರು. (1913ರಷ್ಟು ಹಿಂದಿನ ಆ ಸಂಗ್ರಹದಲ್ಲಿರುವ ಹಳೆಯ ಮೋಟಾರು ಕಾರು ಮಕ್ಕಳಿಗೆ ಪ್ರಿಯವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.) ಹೀಗೆ ಹೋದವರಲ್ಲಿ ಶಿಲುಬೆಯ ಗುರುತು ಹಾಕಿಕೊಂಡು ಒಳಬಂದ ನಮ್ಮವರೂ ಇದ್ದರು. ಪ್ರವಾಸಿ ಪಟ್ಟಿಯಲ್ಲಿ ಹೆಸರು ಬಂದ ಮೇಲೆ ದೇವಾಲಯವು ದೇವಾಲಯವಾಗಿ ಉಳಿಯುವುದು ಕಷ್ಟ. ಅದನ್ನು ಉಳಿಸುವ ಹೊಣೆ ಬಾಗಿಲು ಕಾಯುವವರಿಗಿಂತ ಒಳಬರುವ ಕಥೊಲಿಕರ ಮೇಲೆ ಹೆಚ್ಚಾಗಿದೆ ಎಂಬುದು ನಮ್ಮ ಅಭಿಪ್ರಾಯ.

ನಿಯಮಗಳ ಬಗ್ಗೆಯೂ ಒಂದು ಮಾತು. ಚಿತ್ರಗಳಿಗೆ ಶತ್ರು ತೇವ, ಉಪ್ಪುಗಾಳಿ ಮತ್ತು ಮನುಷ್ಯರ ಕೈ. ಗೋಡೆಯೊಳಗೆ ಇಳಿದ ನೀರು ಉಪ್ಪನ್ನು ಹೊತ್ತು ಹೊರಬಂದು ಆರುವಾಗ ಬಣ್ಣದ ಪದರವನ್ನೇ ಎಬ್ಬಿಸಿಬಿಡುತ್ತದೆ. 1991ರಿಂದ 1994ರವರೆಗೆ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಇಲ್ಲಿಯ ಚಿತ್ರಗಳನ್ನು ಶುಚಿಗೊಳಿಸಿ ದುರಸ್ತಿ ಮಾಡಿದರು. ಮೊಸ್ಕೆನಿಯವರು ಎರಡೂವರೆ ವರ್ಷದಲ್ಲಿ ಬರೆದದ್ದನ್ನು ಉಳಿಸಿಕೊಳ್ಳಲು ಮೂರು ವರ್ಷ ಬೇಕಾಯಿತು. ಪಾದುವದಲ್ಲಿ ಇನ್ನೂ ಕಟ್ಟುನಿಟ್ಟು: ಹವೆಯನ್ನು ಹದಗೊಳಿಸಿದ ಕೋಣೆಯಲ್ಲಿ ಕಾಲು ಗಂಟೆ ಕಾದ ಬಳಿಕವೇ ಸಣ್ಣ ಗುಂಪುಗಳನ್ನು ಒಳಗೆ ಬಿಡುತ್ತಾರೆ. ಮನುಷ್ಯರ ಉಸಿರಿನ ತೇವಕ್ಕೂ ಅಲ್ಲಿ ಲೆಕ್ಕವಿದೆ. ಹೀಗಿರುವಾಗ ಕಂಬದ ಬಳ್ಳಿಹೂಗಳು ಕೆತ್ತಿದವೋ ಬರೆದವೋ ಎಂದು ಬೆರಳಾಡಿಸಿ ಪರೀಕ್ಷಿಸುವ ಕುತೂಹಲವನ್ನು ಮಕ್ಕಳು ಮಾತ್ರವಲ್ಲ, ದೊಡ್ಡವರೂ ಅದುಮಿಕೊಳ್ಳಬೇಕು.

ಮುಂದೆ ಹೋಗುವವರಿಗೆ ನಮ್ಮ ಕೆಲವು ಸೂಚನೆಗಳಿವೆ. ಮಾರ್ಗದರ್ಶಿಯ ವಿವರಣೆ ಯಾವ ಭಾಷೆಯಲ್ಲಿ ಬೇಕೆಂಬುದನ್ನು ಮೊದಲೇ ಕೇಳಿಕೊಳ್ಳಿ. ಕೊಂಕಣಿ, ಇಂಗ್ಲಿಷು ದೊಡ್ಡವರಿಗೆ ಸಾಕು, ಆದರೆ ಸೊರಬ ಶಿಕಾರಿಪುರಗಳ ಶಾಲೆಯಲ್ಲಿ ಓದುವ ಮಗುವಿನ ಮನಸ್ಸಿಗೆ ಇಳಿಯುವುದು ಕನ್ನಡ. ಹೊರಡುವ ಮುಂಚಿನ ಎರಡು ಭಾನುವಾರಗಳ ಧರ್ಮೋಪದೇಶದಲ್ಲಿ ಅಲೋಶಿಯಸರ ಚರಿತ್ರೆಯನ್ನೂ ಹನ್ನೆರಡು ಪ್ರೇಷಿತರ ಹೆಸರು ಮತ್ತು ಅವರ ಕೈಯಲ್ಲಿರುವ ಗುರುತುಗಳನ್ನೂ ಹೇಳಿಕೊಟ್ಟರೆ, ಅಲ್ಲಿ ಮಕ್ಕಳೇ ಗುರುತು ಹಿಡಿಯುತ್ತಾರೆ. ಕೀಲಿಕೈ ಹಿಡಿದ ಪೇತ್ರರನ್ನು ಮೊದಲು ಕಂಡವರಾರೆಂದು ನಮ್ಮ ಮಕ್ಕಳಲ್ಲಿ ಜಗಳವೇ ಆಯಿತು. ಧರ್ಮಕೇಂದ್ರದ ಯುವಕ ಯುವತಿಯರಲ್ಲಿ ಇಬ್ಬರು ಇದನ್ನು ಚೆನ್ನಾಗಿ ಕಲಿತರೆ ಮುಂದಿನ ತಂಡಕ್ಕೆ ಅವರೇ ಸಾಕು. ಅವರು ಅಲ್ಲಿಗೆ ನಿಲ್ಲಬೇಕಾಗಿಯೂ ಇಲ್ಲ. ಬಂದಳಿಕೆಯ ಜಾಲಂಧ್ರದ ಕತೆಯನ್ನು ನೆರೆಯ ಹಿರಿಯರಿಂದ ಕೇಳಿ ತಿಳಿದು ನಮ್ಮ ಮಕ್ಕಳಿಗೆ ಹೇಳಿದರೆ ಯಾರಿಗೂ ನಷ್ಟವಿಲ್ಲ.

ಮೊಸ್ಕೆನಿಯವರು ಮಂಗಳೂರಿನಲ್ಲಿ ಜೆಪ್ಪು ಸೆಮಿನರಿಯ ಪ್ರಾರ್ಥನಾಲಯಕ್ಕೂ ಚಿತ್ರ ಬರೆದರು. ಆಮೇಲೆ ಕೊಚ್ಚಿಯ ಸಾಂತಾ ಕ್ರೂಸ್ ಪ್ರಧಾನಾಲಯದ ಕೆಲಸಕ್ಕೆ ಹೋದವರು ಅಲ್ಲಿಯೇ ಕಾಯಿಲೆ ಬಿದ್ದು 1905ರ ನವೆಂಬರ್ 15ರಂದು ತೀರಿಕೊಂಡರು. ಅವರು ಬಣ್ಣ ಹಚ್ಚಿದ ಆ ದೇವಾಲಯದ ಪ್ರತಿಷ್ಠೆ ನಡೆದದ್ದು ನಾಲ್ಕು ದಿನಗಳ ಬಳಿಕ.

ಸಂತ ಅಲೋಶಿಯಸರ ಹಬ್ಬ ಜೂನ್ 21ಕ್ಕೆ. ಆಗ ಆಗುಂಬೆಯಲ್ಲಿ ಮಳೆ ಜೋರು, ನಮ್ಮ ಗದ್ದೆಗಳಲ್ಲಿ ಕೆಲಸವೂ ಜೋರು. ಕೊಯ್ಲು ಮುಗಿದು ಕ್ರಿಸ್ಮಸ್ ಕಳೆದ ಮೇಲೆ, ತಪಸ್ಸುಕಾಲಕ್ಕೆ ಮುನ್ನ ಹೋಗುವುದು ಅನುಕೂಲ. ಬೆಳಗಿನ ಜಾವ ಹೊರಟರೆ ಮಧ್ಯಾಹ್ನದ ಬೆಳಕಿನಲ್ಲಿ ಛಾವಣಿಯನ್ನು ನೋಡಬಹುದು. ವಯಸ್ಸಾದವರಿಗೆ ಕತ್ತು ನೋಯುತ್ತದೆ. ಕೈಗನ್ನಡಿಯೊಂದನ್ನು ಒಯ್ದು ತೊಡೆಯ ಮೇಲಿಟ್ಟುಕೊಂಡರೆ ಛಾವಣಿ ಅದರಲ್ಲಿಯೇ ಇಳಿದು ಬರುತ್ತದೆ.