ಐದು ಚುಕ್ಕೆ ರಕ್ತ, ಒಂದು ತುಂಡು ಕಾಗದ!

ವೀರನಹೊಸಹಳ್ಳಿ ಎಂದೊಡನೆ ನಿಮಗೆ ನೆನಪಾಗುವುದೇನು? ಗಜಪಯಣ ತಾನೇ! ನಾಗರಹೊಳೆಯ ಹೆಬ್ಬಾಗಿಲು. ದಸರಾ ಆನೆಗಳು ಮೈಸೂರಿಗೆ ಹೊರಡುವ ಊರು. ಟನ್‌ಗಟ್ಟಲೆ ತೂಗುವ ಆ ಪಯಣಿಗರನ್ನು ಬೀಳ್ಕೊಡಲು ಜನವೋ ಜನ!

ನಾನು ಹೇಳಹೊರಟಿರುವ ಪಯಣಿಗನ ತೂಕ ಕೆಲವೇ ಗ್ರಾಂ. ವಾದ್ಯವಿಲ್ಲ, ಪೂಜೆಯಿಲ್ಲ. ಆದರೆ ಅದು ಹೊತ್ತೊಯ್ಯುವುದು ಒಂದು ಜೀವದ ಭವಿಷ್ಯವನ್ನು!

ಮೊದಲು ಒಂದು ಒಗಟು. ಬಿಡಿಸಿ ನೋಡೋಣ.

ಈ ಕಾಡಂಚಿನಲ್ಲಿ ಒಂದೂವರೆ ತಿಂಗಳ ಮಗು ಇದೆ ಎಂದಿಟ್ಟುಕೊಳ್ಳಿ. ತಾಯಿಗೆ ಎಚ್‌ಐವಿ ಇದೆ. ಮಗುವಿಗೂ ಬಂದಿದೆಯೇ? ಹೇಳಬಲ್ಲ ಯಂತ್ರ ಇರುವುದು ಬೆಂಗಳೂರಿನಲ್ಲಿ. ಸುಮಾರು 200 ಕಿಲೋಮೀಟರ್!

ತಾಲ್ಲೂಕು ಆಸ್ಪತ್ರೆಯಲ್ಲೇ ಹತ್ತಿಪ್ಪತ್ತು ನಿಮಿಷದಲ್ಲಿ ಆಗುವ ಪರೀಕ್ಷೆ ಇದೆಯಲ್ಲ ಎನ್ನುತ್ತೀರಾ? ದೊಡ್ಡವರಿಗೆ ಸರಿ. ಈ ಕೂಸಿಗೆ ಅದು ಸಾಲದು! ಆ ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು. ತಾಯಿ ಗರ್ಭದಲ್ಲೇ ತನ್ನ ಪ್ರತಿಕಾಯಗಳನ್ನು ಮಗುವಿಗೆ ದಾಟಿಸಿರುತ್ತಾಳೆ. ಅವು ಮಗುವಿನ ರಕ್ತದಲ್ಲಿ ಎಷ್ಟು ಕಾಲ ಉಳಿಯಬಹುದು, ಊಹಿಸಿ. ಒಂದು ತಿಂಗಳು? ಮೂರು? 18 ತಿಂಗಳವರೆಗೆ! ಸೋಂಕಿಲ್ಲದ ಮಗುವೂ ಅಲ್ಲಿಯವರೆಗೆ ‘ಪಾಸಿಟಿವ್’ ಎಂದು ತೋರಬಹುದು!

ಹಾಗಾದರೆ ವೈರಾಣುವನ್ನೇ ಹುಡುಕಬೇಕು. ಅದಕ್ಕೆ ರಕ್ತ ಬೆಂಗಳೂರು ಸೇರಬೇಕು. ಟ್ಯೂಬಿನಲ್ಲಿ ತುಂಬಿ ಕಳಿಸಿದರೆ? ತಣ್ಣಗಿಡಬೇಕು. ಐಸ್‌ಪ್ಯಾಕ್ ಬೇಕು, ಫ್ರಿಜ್ ಬೇಕು, ಕರೆಂಟು ಕೈಕೊಡಬಾರದು, ಬಸ್ಸು ತಡವಾಗಬಾರದು, ಟ್ಯೂಬು ಒಡೆಯಬಾರದು. ಅಷ್ಟಕ್ಕೂ ಅಷ್ಟು ಎಳೆಯ ಕೂಸಿನ ಕೈಯಲ್ಲಿ ರಕ್ತನಾಳ ಹುಡುಕುವುದೇ ಒಂದು ಸಾಹಸ!

ಉತ್ತರ ಹೊಳೆಯಿತೇ?

ಕಾಗದ! ಹೌದು, ಬರೀ ಕಾಗದ!

ಅಂಥಿಂಥ ಕಾಗದವಲ್ಲ, ಅಪ್ಪಟ ಹತ್ತಿಯದು. ಎಚ್.ಡಿ. ಕೋಟೆ ಕಡೆಯ ಹತ್ತಿ ಬೆಳೆಗಾರರೇ, ಕೇಳಿ: ಅರಳೆ ಬಿಡಿಸಿದ ಮೇಲೂ ಬೀಜಕ್ಕೆ ಅಂಟಿಕೊಂಡೇ ಇರುತ್ತದಲ್ಲ ಪುಟ್ಟ ಪುಟ್ಟ ನಾರು, ಅದರಿಂದಲೇ ಇದರ ತಯಾರಿ! ಅದರ ಮೇಲೆ ಐದು ವೃತ್ತಗಳ ಗುರುತು. ಒಂದೊಂದರ ಅಗಲ ಸುಮಾರು 13 ಮಿಲಿಮೀಟರ್. ಒಂದೊಂದು ಹೀರುವುದು ಸುಮಾರು 75 ಮೈಕ್ರೋಲೀಟರ್ ರಕ್ತ. ಐದೂ ಸೇರಿದರೆ? ಅರ್ಧ ಮಿಲಿಲೀಟರೂ ಇಲ್ಲ!

ತೆಗೆಯುವ ರೀತಿಯೇ ಒಂದು ಸೊಗಸು. ಮಗುವಿನ ಪಾದವನ್ನು ಬೆಚ್ಚಗೆ ಮಾಡುತ್ತಾರೆ. ಹಿಮ್ಮಡಿಯ ನಟ್ಟನಡುವೆ ಅಲ್ಲ, ಪಕ್ಕದಲ್ಲಿ ಒಂದೇ ಒಂದು ಚುಚ್ಚು. ಮೊದಲ ಹನಿಯನ್ನು ಒರೆಸಿಬಿಡುತ್ತಾರೆ! ಮುಂದಿನ ಹನಿ ದಪ್ಪವಾಗಿ ತೂಗುವವರೆಗೆ ಕಾದು ಕಾಗದಕ್ಕೆ ತಾಗಿಸುತ್ತಾರೆ. ಕಾಗದ ತಾನೇ ಹೀರಿಕೊಳ್ಳುತ್ತದೆ. ಹನಿಯ ಮೇಲೆ ಹನಿ ಹಾಕುವಂತಿಲ್ಲ. ಹಿಂಬದಿಯಲ್ಲೂ ರಕ್ತ ಮೂಡಿದರೆ ಮಾತ್ರ ಕೆಲಸ ಸರಿಯಾಯಿತೆಂದು ಅರ್ಥ.

ಆಮೇಲೆ ಒಣಗಿಸುವುದು. ಹುಣಸೂರು, ಪಿರಿಯಾಪಟ್ಟಣದವರಿಗೆ ಒಣಗಿಸುವ ವಿದ್ಯೆ ಹೇಳಿಕೊಡಬೇಕೇ! ಹೊಗೆಸೊಪ್ಪಿಗಾದರೆ ಬ್ಯಾರನ್‌ನಲ್ಲಿ ಹಗಲಿರುಳು ಬೆಂಕಿಯ ಶಾಖ. ಈ ಹನಿಗೆ ಬೆಂಕಿಯೂ ಬೇಡ, ಬಿಸಿಲೂ ಬೇಡ, ಫ್ಯಾನೂ ಬೇಡ! ನೆರಳಿನಲ್ಲಿ, ಮಟ್ಟಸವಾಗಿ, ಯಾವುದಕ್ಕೂ ತಾಗದಂತೆ ಮೂರ್ನಾಲ್ಕು ಗಂಟೆ. ಕೆಂಪು ಹನಿ ಕಂದು ಚುಕ್ಕೆಯಾಗುತ್ತದೆ. ಅಷ್ಟೇ!

ಅಷ್ಟೇ ಎಂದೆನಲ್ಲ, ನಿಜವಾದ ಅದ್ಭುತ ನಡೆಯುವುದು ಅಲ್ಲೇ! ನೀರು ಹೋದರೆ ರಕ್ತವನ್ನು ಕೆಡಿಸುವ ಕ್ರಿಯೆಗಳೂ ನಿಲ್ಲುತ್ತವೆ. ಎಚ್‌ಐವಿಯ ತೆಳು ಕೊಬ್ಬಿನ ಹೊದಿಕೆ ಹಾಳಾಗಿ, ಸೋಂಕು ಹರಡುವ ಅದರ ಶಕ್ತಿ ಕುಂದುತ್ತದೆ. ಆದರೆ ಅದರ ಗುರುತು? ಅದು ಹೋಗುವುದಿಲ್ಲ! ಸೋಂಕಿದ್ದರೆ ಮಗುವಿನ ಬಿಳಿ ರಕ್ತಕಣಗಳ ಡಿಎನ್‌ಎ ಒಳಗೇ ವೈರಾಣು ತನ್ನನ್ನು ಸೇರಿಸಿಕೊಂಡಿರುತ್ತದೆ. ಆ ಡಿಎನ್‌ಎ ಒಣ ಕಾಗದದಲ್ಲಿ ವಾರಗಟ್ಟಲೆ ಸುಭದ್ರ! ಫ್ರಿಜ್ ಇಲ್ಲದೆ!

ಇದಕ್ಕೆ ದೊಡ್ಡ ಶತ್ರು ತೇವ. ನಾಗರಹೊಳೆಯ ಮಳೆಗಾಲ ನಿಮಗೆ ಗೊತ್ತೇ ಇದೆ. ಅದಕ್ಕೇ ಗಾಳಿಯಾಡದ ಜಿಪ್ ಚೀಲ, ಒಳಗೆ ತೇವ ಹೀರುವ ಸಿಲಿಕಾ ಪೊಟ್ಟಣ, ಜೊತೆಗೆ ತೇವ ನುಗ್ಗಿದರೆ ಬಣ್ಣ ಬದಲಿಸಿ ಎಚ್ಚರಿಸುವ ಪುಟ್ಟ ಚೀಟಿ!

ಚೀಲ ಹೊರಡುವುದು ಹೇಗೆ ಗೊತ್ತೇ? ಲಕೋಟೆಯಲ್ಲಿ, ಅಂಚೆ ಕೊರಿಯರ್‌ನಲ್ಲಿ! ಸಾಗಣೆಯ ಅಂತರರಾಷ್ಟ್ರೀಯ ನಿಯಮಗಳೇ ಒಣ ರಕ್ತದ ಚುಕ್ಕೆಯನ್ನು ಅಪಾಯಕಾರಿ ಸರಕಿನ ಪಟ್ಟಿಯಿಂದ ಹೊರಗಿಟ್ಟಿವೆ. ಆಸ್ಪತ್ರೆಯವರ ಬಾಯಲ್ಲಿ ಇದರ ಹೆಸರು ‘ಡಿಬಿಎಸ್’. 2010ರಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಶಿಶುಗಳ ಎಚ್‌ಐವಿ ಪತ್ತೆಗೆ ಇದನ್ನು ದೇಶದಲ್ಲಿ ಜಾರಿಗೆ ತಂದಿತು. ಬೆಂಗಳೂರಿನ ನಿಮ್ಹಾನ್ಸ್‌ನ ವೈರಾಣು ಪ್ರಯೋಗಾಲಯದಂಥ ದೊಡ್ಡ ಲ್ಯಾಬ್‌ಗಳ ಬಲ ಹಾಡಿಯ ಮಗುವಿಗೂ ಎಟುಕುವಂತಾಯಿತು!

ಲ್ಯಾಬ್‌ನಲ್ಲಿ ಏನಾಗುತ್ತದೆ? ಚುಕ್ಕೆಯಿಂದ ಒಂದು ಪುಟ್ಟ ಬಿಲ್ಲೆಯನ್ನು ಪಂಚ್ ಮಾಡಿ ತೆಗೆಯುತ್ತಾರೆ. ನೆನೆಸಿ ಡಿಎನ್‌ಎ ಬಿಡಿಸುತ್ತಾರೆ. ನಂತರ ಪಿಸಿಆರ್: ಪ್ರತಿ ಸುತ್ತಿಗೂ ವೈರಾಣುವಿನ ತುಣುಕು ದ್ವಿಗುಣ. ಒಂದು ಎರಡಾಗಿ, ಎರಡು ನಾಲ್ಕಾಗಿ... 30 ಸುತ್ತು ಮುಗಿದಾಗ ಒಂದು ತುಣುಕು ಎಷ್ಟಾಗಬಹುದು? ಸಾವಿರ? ಲಕ್ಷ? ಲೆಕ್ಕದ ಪ್ರಕಾರ 107 ಕೋಟಿ! ಅಷ್ಟಾದ ಮೇಲೆ ಅಡಗುವುದಾದರೂ ಎಲ್ಲಿ!

ಈ ಕಾಗದದ ಉಪಾಯದ ಮೂಲ ಇನ್ನೂ ಹಳೆಯದು. ಅಮೆರಿಕದ ರಾಬರ್ಟ್ ಗತ್ರಿ 1963ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದ್ದದ್ದು ಇದೇ ಹಿಮ್ಮಡಿ, ಇದೇ ಕಾಗದದ ಚುಕ್ಕೆ! ಅವರು ಹುಡುಕುತ್ತಿದ್ದುದು ಸೋಂಕನ್ನಲ್ಲ, ಮಿದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ಹುಟ್ಟುಕಾಯಿಲೆಯನ್ನು. ಎಚ್‌ಐವಿಯ ಹೆಸರನ್ನೇ ಜಗತ್ತು ಕೇಳಿರದ ಕಾಲವದು!

ಇಷ್ಟೆಲ್ಲ ಅವಸರ ಯಾಕೆ, 18 ತಿಂಗಳು ಕಾಯಬಾರದೇ? ಕಾಯಬಾರದು! ಚಿಕಿತ್ಸೆ ಸಿಗದಿದ್ದರೆ ಸೋಂಕಿತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಎರಡನೇ ಹುಟ್ಟುಹಬ್ಬ ಕಾಣುವುದಿಲ್ಲ. ಮೊದಲ ಕೆಲವು ತಿಂಗಳೇ ಅತ್ಯಂತ ಅಪಾಯದ ಕಾಲ. ಲಕ್ಷಣ ಕಾಣುವವರೆಗೆ ಕಾಯದೆ, ಹುಟ್ಟಿದ 12 ವಾರಗಳೊಳಗೇ ಔಷಧ ಶುರು ಮಾಡಿದರೆ ಏನಾಗುತ್ತದೆಂದು ದಕ್ಷಿಣ ಆಫ್ರಿಕಾದಲ್ಲಿ ಪರೀಕ್ಷಿಸಿದರು. 2008ರಲ್ಲಿ ಫಲಿತಾಂಶ ಬಂತು. ಸಾವು ಎಷ್ಟು ತಗ್ಗಿತು, ಹೇಳಿ. ಶೇ. 20? ಶೇ. 40?

ಶೇ. 76!

ಆ ಮಾತ್ರೆ, ಸಿರಪ್ಪು ಎಚ್‌ಐವಿ ಚಿಕಿತ್ಸೆಗೆಂದೇ ಇರುವ ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ. ಹಿಮ್ಮಡಿ ಚುಚ್ಚುವ ದಿನವೂ ಬೇರೆಯಲ್ಲ, ಆರನೇ ವಾರದ ಲಸಿಕೆಯ ಹೊತ್ತಿಗೇ ಅದು ಕೂಡಿಬರುತ್ತದೆ. ಕೊಡಗಿನ ಕಾಫಿ ತೋಟದ ಕೂಲಿ ಬಿಟ್ಟು ಬರುವ ತಾಯಿ ಆ ಚುಚ್ಚಿಗೆಂದೇ ಇನ್ನೊಂದು ದಿನದ ಸಂಬಳ ಕಳೆದುಕೊಳ್ಳಬೇಕಿಲ್ಲ!