ಶಾಲೆಗೆ ಕಳಿಸೋಣವೇ, ಬೇಡವೇ?

“ಏನ್ರೀ, ಸಹಿ ಮಾಡೋಣವೇ?”

“ನೀನೇ ಹೇಳು.”

“ನಾನೇನು ಹೇಳಲಿ? ನಾಳೆ ಏನಾದರೂ ಆದರೆ...”

2021ರ ಜನವರಿಯಲ್ಲಿ ನಮ್ಮ ರಾಜ್ಯದ ಎಷ್ಟೋ ಮನೆಗಳಲ್ಲಿ ರಾತ್ರಿ ಊಟವಾದ ಮೇಲೆ ನಡೆದ ಮಾತುಕತೆ ಹೆಚ್ಚು ಕಡಿಮೆ ಹೀಗೇ ಇತ್ತು. ಗಂಡ ಹೆಂಡಿರ ನಡುವೆ ಒಂದು ಹಾಳೆ. ಅದಕ್ಕೆ ‘ಒಪ್ಪಿಗೆ ಪತ್ರ’ ಎಂದು ಹೆಸರು. ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಜನವರಿ 1ರಿಂದ ತರಗತಿಗಳು ಆರಂಭವಾಗಿದ್ದವು. ಹಾಜರಾತಿ ಕಡ್ಡಾಯವಲ್ಲ. ಆದರೆ ಬರುವ ವಿದ್ಯಾರ್ಥಿ ಪಾಲಕರ ಒಪ್ಪಿಗೆಯನ್ನು ಬರಹದಲ್ಲಿ ತರಬೇಕು. ಅಂದರೆ ಕಳಿಸುವ, ಕಳಿಸದಿರುವ ತೀರ್ಮಾನ ಪೂರ್ತಿಯಾಗಿ ತಂದೆ ತಾಯಿಯದು.

ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಯಾವ ಮಾಧ್ಯಮದಲ್ಲಿ ಓದಿಸಬೇಕು ಎಂದು ತಲೆ ಕೆಡಿಸಿಕೊಳ್ಳುವುದು ನಮಗೆ ಹೊಸತಲ್ಲ. ಆದರೆ ಶಾಲೆಗೆ ಕಳಿಸುವುದೇ ಸರಿಯೋ ತಪ್ಪೋ ಎಂಬ ಪ್ರಶ್ನೆ ಹೊಸತಾಗಿತ್ತು. ಕಳಿಸಿದರೆ ಸೋಂಕಿನ ಭಯ, ಕಳಿಸದಿದ್ದರೆ ಓದು ಹಾಳಾಗುವ ಭಯ. ಅತ್ತ ದರಿ, ಇತ್ತ ಪುಲಿ! ಆ ದಿನಗಳು ಕಳೆದುಹೋಗಿವೆ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಆದರೂ ಆ ತೀರ್ಮಾನಗಳನ್ನು ತಣ್ಣಗೆ ಕುಳಿತು ಮತ್ತೊಮ್ಮೆ ನೋಡುವುದು ಒಳ್ಳೆಯದು. ಏಕೆಂದರೆ ಅದರ ಫಲವನ್ನು ನಮ್ಮ ಮಕ್ಕಳು ಇಂದಿಗೂ ಉಣ್ಣುತ್ತಿದ್ದಾರೆ.

ಮುಚ್ಚಿದ ಬಾಗಿಲು

2020ರ ಮಾರ್ಚ್ ತಿಂಗಳ ನಡುವಿನಲ್ಲಿ ರಾಜ್ಯದ ಶಾಲೆಗಳು ಮುಚ್ಚಿದಾಗ ಎಲ್ಲರೂ ಅಂದುಕೊಂಡಿದ್ದು ಒಂದು ವಾರ, ಹೆಚ್ಚೆಂದರೆ ಒಂದು ತಿಂಗಳು ಎಂದು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದಾಗ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಪಾಲಕರು ಉಸಿರು ಬಿಗಿಹಿಡಿದು ಪರೀಕ್ಷಾ ಕೇಂದ್ರಗಳ ಹೊರಗೆ ಕಾದರು.

ಆ ವರ್ಷದ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂತು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಮೇಷ್ಟ್ರೇ ಮಕ್ಕಳಿದ್ದಲ್ಲಿಗೆ ಹೋಗಬೇಕು ಎಂಬುದು ಯೋಜನೆ. ಅರಳಿಕಟ್ಟೆ, ದೇವಸ್ಥಾನದ ಅಂಗಳ, ಸಮುದಾಯ ಭವನಗಳಲ್ಲಿ ಪಾಠ ನಡೆಯಿತು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬರತೊಡಗಿದಾಗ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಜನವರಿಯಲ್ಲಿ ದೊಡ್ಡ ತರಗತಿಗಳು ತೆರೆದವು, ಫೆಬ್ರುವರಿಯಲ್ಲಿ ಇನ್ನಷ್ಟು. ಏಪ್ರಿಲ್‌ನಲ್ಲಿ ಎರಡನೇ ಅಲೆ ಅಪ್ಪಳಿಸಿತು. ಮತ್ತೆ ಬೀಗ.

ಎರಡನೇ ಬಾರಿ ಬಾಗಿಲು ತೆರೆದದ್ದು 2021ರ ಆಗಸ್ಟ್ 23ರಂದು, ಒಂಬತ್ತರಿಂದ ಹನ್ನೆರಡನೇ ತರಗತಿಯವರಿಗೆ. ಅದೂ ಪರೀಕ್ಷಿಸಿದ ನೂರು ಜನರಲ್ಲಿ ಸೋಂಕಿತರು ಎರಡಕ್ಕಿಂತ ಕಡಿಮೆ ಇದ್ದ ಕಡೆ ಮಾತ್ರ. ಕೇರಳದ ಗಡಿಗೆ ತಾಗಿದ ದಕ್ಷಿಣ ಕನ್ನಡ, ಕೊಡಗಿನಂಥ ಜಿಲ್ಲೆಗಳು ಇನ್ನೂ ಕಾಯಬೇಕಾಯಿತು. ಸೆಪ್ಟೆಂಬರ್ 6ರಿಂದ ಆರರಿಂದ ಎಂಟನೇ ತರಗತಿ, ಅಕ್ಟೋಬರ್ 25ರಿಂದ ಒಂದರಿಂದ ಐದನೇ ತರಗತಿ.

ಈ ಕೊನೆಯ ದಿನಾಂಕವನ್ನು ಗಮನಿಸಿ. 2020ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಿದ್ದ ಮಗು ತರಗತಿಯ ಬೆಂಚಿನ ಮೇಲೆ ಕುಳಿತದ್ದು ಎರಡನೇ ತರಗತಿಯ ಅರ್ಧ ವರ್ಷ ಕಳೆಯುತ್ತ ಬಂದಾಗ! ಅಕ್ಷರ ತಿದ್ದುವ ವಯಸ್ಸೆಲ್ಲ ಮನೆಯಲ್ಲೇ ಕಳೆದುಹೋಗಿತ್ತು.

ಮನೆಮನೆಯ ಲೆಕ್ಕ

ಒಪ್ಪಿಗೆ ಪತ್ರ ಎಲ್ಲರಿಗೂ ಒಂದೇ. ಆದರೆ ಸಹಿ ಮಾಡುವ ಕೈಗಳ ಹಿಂದಿನ ಲೆಕ್ಕ ಒಂದೇ ಆಗಿರಲಿಲ್ಲ.

ಅಜ್ಜ ಅಜ್ಜಿ ಜೊತೆಗಿರುವ ಮನೆಯೊಂದನ್ನು ನೆನೆಯಿರಿ. ಅಜ್ಜನಿಗೆ ಸಕ್ಕರೆ ಕಾಯಿಲೆ, ಅಜ್ಜಿಗೆ ಉಬ್ಬಸ. ಅಲ್ಲಿ ಭಯ ಮಗುವಿನ ಬಗ್ಗೆ ಅಲ್ಲ, ಮಗು ಹೊತ್ತು ತರಬಹುದಾದ ಸೋಂಕಿನ ಬಗ್ಗೆ. ಇನ್ನೊಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೂಲಿಗೆ ಹೋಗಬೇಕು. ಇರುವುದು ಒಂದೇ ಫೋನು, ಅದು ಅಪ್ಪನ ಜೇಬಿನಲ್ಲಿ. ಮಗುವನ್ನು ಮನೆಯಲ್ಲಿ ಬಿಟ್ಟರೆ ನೋಡಿಕೊಳ್ಳುವವರಿಲ್ಲ. ಜೊತೆಗೆ ಕರೆದುಕೊಂಡು ಹೋದರೆ ಅದೂ ಕೂಲಿಯಾಗುತ್ತದೆ. ಶಾಲೆ ತೆರೆದರೆ ಸಾಕಪ್ಪಾ ಎಂದು ಆ ತಾಯಿ ಕಾಯುತ್ತಿದ್ದುದರಲ್ಲಿ ಆಶ್ಚರ್ಯವೇನು? ಬಿಸಿಯೂಟವೂ ನಿಂತು ಹೋಗಿತ್ತು. ಅದರ ಬದಲಿಗೆ ಅಕ್ಕಿ, ಬೇಳೆ ಕೊಟ್ಟರು, ನಿಜ. ಆದರೆ ಮನೆಗೆ ಬಂದ ಅಕ್ಕಿ ಮನೆಯವರೆಲ್ಲರ ಅಕ್ಕಿ; ಶಾಲೆಯ ತಟ್ಟೆಯಲ್ಲಿ ಬೀಳುವ ಅನ್ನ ಮಗುವೊಂದರದೇ.

ಪಟ್ಟಣದ ಮಧ್ಯಮ ವರ್ಗದ ಮನೆಯಲ್ಲಿ ಇನ್ನೊಂದು ಬಗೆಯ ಅನುಮಾನ. “ಈಗ ಶಾಲೆ ತೆರೆಯುವುದು ಮಕ್ಕಳಿಗಾಗಿಯೋ, ಫೀಸಿಗಾಗಿಯೋ?” 2020-21ರಲ್ಲಿ ಬೋಧನಾ ಶುಲ್ಕದ ಶೇ 70ರಷ್ಟನ್ನು ಮಾತ್ರ ವಸೂಲು ಮಾಡಬೇಕೆಂದು ಸರ್ಕಾರ ಆದೇಶ ಹೊರಡಿಸಬೇಕಾಯಿತು. ಸಂಬಳ ಕಡಿತವಾದ ಪಾಲಕರು ಒಂದು ಕಡೆ, ಸಂಬಳವೇ ಸಿಗದ ಖಾಸಗಿ ಶಾಲೆಯ ಶಿಕ್ಷಕರು ಇನ್ನೊಂದು ಕಡೆ. ಶಾಲೆಯ ಮೇಲೆ ನಂಬಿಕೆ ಇದ್ದವರಿಗೆ ಸಹಿ ಸುಲಭವಾಯಿತು. ನಂಬಿಕೆ ಕೆಟ್ಟಲ್ಲಿ ಎಷ್ಟು ಸ್ಯಾನಿಟೈಸರ್ ಇಟ್ಟರೂ ಪಾಲಕರ ಮನಸ್ಸು ಒಪ್ಪಲಿಲ್ಲ.

ಆದ್ದರಿಂದ ಕಳಿಸಿದವರು ಧೈರ್ಯವಂತರು, ಕಳಿಸದವರು ಅಂಜುಬುರುಕರು ಎನ್ನುವುದು ಸರಿಯಲ್ಲ. ಹಾಗೆಯೇ ಕಳಿಸಿದವರಿಗೆ ಮಕ್ಕಳ ಮೇಲೆ ಕಾಳಜಿ ಇರಲಿಲ್ಲ ಎನ್ನುವುದೂ ಸಲ್ಲದು. ಮನೆಯಲ್ಲೇ ಓದಿಸಬಲ್ಲವರಿಗೆ ಮಾತ್ರ ಅದು ನಿಜವಾದ ಆಯ್ಕೆಯಾಗಿತ್ತು. ಉಳಿದವರಿಗೆ ಆಯ್ಕೆ ಎಂಬುದು ಹೆಸರಿಗಷ್ಟೇ.

ಕಾಣುವ ಅಪಾಯ, ಕಾಣದ ನಷ್ಟ

ಸೋಂಕು ಕಣ್ಣಿಗೆ ಕಾಣುವ ಅಪಾಯ. ಪಕ್ಕದ ಬೀದಿಗೆ ಆಂಬುಲೆನ್ಸ್ ಬರುತ್ತದೆ. ಟಿ.ವಿ.ಯಲ್ಲಿ ದಿನವೂ ಅಂಕಿ ಅಂಶ ಬರುತ್ತದೆ. ಮಗು ಓದು ಮರೆಯುವುದು ಹಾಗಲ್ಲ. ಅದಕ್ಕೆ ಸೈರನ್ ಇಲ್ಲ. ಮನೆಯೊಳಗೆ ಸುಮ್ಮನೆ ಆಡಿಕೊಂಡಿರುವ ಮಗುವನ್ನು ಕಂಡು ‘ಸದ್ಯ, ಕ್ಷೇಮವಾಗಿದೆ’ ಎಂದು ನಾವು ಸಮಾಧಾನಪಡುತ್ತೇವೆ. ಅದು ಸಹಜವೂ ಹೌದು.

ಆದರೆ ಆಮೇಲೆ ಬಂದ ವರದಿಗಳು ಕಾಣದ ನಷ್ಟವನ್ನು ಕಾಣಿಸಿದವು. ಅರ್ಥಶಾಸ್ತ್ರಜ್ಞ ಜೀನ್ ಡ್ರೆಜ್ ಮತ್ತು ಸಂಗಡಿಗರು 2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿದಂತೆ 15 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು 1,400 ಬಡ ಕುಟುಂಬಗಳ ಮಕ್ಕಳನ್ನು ಮಾತನಾಡಿಸಿದರು. ಹಳ್ಳಿಯ ಮಕ್ಕಳಲ್ಲಿ ನಿಯಮಿತವಾಗಿ ಆನ್‌ಲೈನ್ ಪಾಠ ಕಲಿಯುತ್ತಿದ್ದವರು ಶೇ 8 ಮಾತ್ರ. ಶೇ 37ರಷ್ಟು ಮಕ್ಕಳು ಏನನ್ನೂ ಓದುತ್ತಿರಲಿಲ್ಲ. ಅಲ್ಲಿನ ಪಾಲಕರಲ್ಲಿ ಶೇ 97 ಮಂದಿ ಶಾಲೆ ತೆರೆಯಲಿ ಎಂದಿದ್ದರು. ಬಡವರ ಮನೆಗಳ ಉತ್ತರ ಅಷ್ಟು ಸ್ಪಷ್ಟವಾಗಿತ್ತು. ಮಲೆನಾಡು, ಕರಾವಳಿಯ ಒಳಹಳ್ಳಿಗಳಲ್ಲಿ ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದ ಮಕ್ಕಳ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು.

ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ ಇನ್ನೊಂದು ಸತ್ಯ ಹೇಳಿತು. 2018ರಲ್ಲಿ ಗ್ರಾಮೀಣ ಕರ್ನಾಟಕದ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 19 ಮಂದಿ ಎರಡನೇ ತರಗತಿಯ ಪಾಠವನ್ನು ಸರಾಗವಾಗಿ ಓದಬಲ್ಲವರಾಗಿದ್ದರು. 2022ರಲ್ಲಿ ಅಂಥವರು ಸುಮಾರು 9 ಮಂದಿ. ಮೊದಲೇ ಕಡಿಮೆ ಇದ್ದದ್ದು ಅರ್ಧಕ್ಕಿಳಿಯಿತು.

ಹಾಗಾದರೆ ಮನೆಯಲ್ಲಿ ಇಟ್ಟುಕೊಂಡದ್ದರಿಂದ ಮಕ್ಕಳು ಸೋಂಕಿನಿಂದ ಪಾರಾದರೇ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2021ರ ಜೂನ್-ಜುಲೈನಲ್ಲಿ ದೇಶದಾದ್ಯಂತ ರಕ್ತ ಪರೀಕ್ಷೆಯ ಸಮೀಕ್ಷೆ ನಡೆಸಿತು. ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇ 57ರಷ್ಟು ಮಂದಿಯ ರಕ್ತದಲ್ಲಿ ಕೊರೊನಾ ವಿರುದ್ಧದ ಪ್ರತಿಕಾಯಗಳು ಕಂಡುಬಂದವು. ಆ ವಯಸ್ಸಿನವರಿಗೆ ಲಸಿಕೆ ಇರಲಿಲ್ಲ. ಅಂದರೆ ಬಹುಪಾಲು ಪ್ರಾಥಮಿಕ ಶಾಲೆಗಳು ಮುಚ್ಚಿದ್ದಾಗಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಸೋಂಕು ತಗುಲಿ ಹೋಗಿತ್ತು. ಬಹುಪಾಲು ಮಕ್ಕಳಲ್ಲಿ ಕಾಯಿಲೆ ತೀವ್ರವಾಗಲಿಲ್ಲ. ಅಪರೂಪಕ್ಕೆ ಕೆಲವರಿಗೆ ಸೋಂಕು ಬಂದು ಕೆಲ ವಾರಗಳ ನಂತರ ಹಲವು ಅಂಗಗಳಿಗೆ ಉರಿಯೂತದ ತೊಂದರೆ ಬಂದದ್ದುಂಟು. ಆದ್ದರಿಂದ ಪಾಲಕರ ಭಯ ಬುಡವಿಲ್ಲದ್ದೇನಲ್ಲ.

ಆ ಸಮೀಕ್ಷೆಯ ವಿವರ ನೀಡುವಾಗ ಮಂಡಳಿಯ ಆಗಿನ ಮಹಾನಿರ್ದೇಶಕ ಡಾ. ಬಲರಾಮ್ ಭಾರ್ಗವ ಅವರು, ಶಾಲೆ ತೆರೆಯುವುದಾದರೆ ಪ್ರಾಥಮಿಕ ಶಾಲೆಗಳಿಂದ ಆರಂಭಿಸುವುದು ಒಳ್ಳೆಯದು ಎಂದಿದ್ದರು. ಡೆನ್ಮಾರ್ಕ್ 2020ರ ಏಪ್ರಿಲ್ 15ರಂದೇ ಚಿಕ್ಕ ಮಕ್ಕಳ ತರಗತಿಗಳನ್ನು ಮೊದಲು ತೆರೆದಿತ್ತು. ನಮ್ಮಲ್ಲಿ ಪಬ್ಲಿಕ್ ಪರೀಕ್ಷೆಯ ಲೆಕ್ಕ ಮೊದಲು ಬಂತು. ದೊಡ್ಡವರು ಮೊದಲು, ಅಕ್ಷರ ಕಲಿಯಬೇಕಾದ ಪುಟ್ಟವರು ಕೊನೆಗೆ.

ಒಂದೇ ಪ್ರಶ್ನೆ, ಬೇರೆ ಬೇರೆ ಉತ್ತರ

2021ರ ಜನವರಿಯಲ್ಲಿ ‘ಬೇಡ’ ಎಂದ ತಾಯಿ ಅಕ್ಟೋಬರ್‌ನಲ್ಲಿ ‘ಹೋಗಲಿ’ ಎಂದಿದ್ದರೆ ಅದು ಚಂಚಲತೆಯಲ್ಲ. ಜನವರಿ ಮೊದಲ ವಾರದಲ್ಲಿ ಮನೆಯ ಯಾರಿಗೂ ಲಸಿಕೆ ಆಗಿರಲಿಲ್ಲ. ದೇಶದಲ್ಲಿ ಲಸಿಕೆ ಶುರುವಾದದ್ದೇ ಆ ತಿಂಗಳ 16ರಂದು, ಅದೂ ಆರೋಗ್ಯ ಸಿಬ್ಬಂದಿಗೆ. 60 ದಾಟಿದವರಿಗೆ ಮಾರ್ಚ್ 1ರಿಂದ, 18 ದಾಟಿದವರಿಗೆ ಮೇ 1ರಿಂದ. ಅಕ್ಟೋಬರ್ ಹೊತ್ತಿಗೆ ಅನೇಕ ಮನೆಗಳಲ್ಲಿ ಅಜ್ಜ ಅಜ್ಜಿಗೆ ಲಸಿಕೆ ಸಿಕ್ಕಿತ್ತು. ಅಪಾಯ ಬದಲಾದ ಮೇಲೆ ಉತ್ತರವೂ ಬದಲಾಗಬೇಕು. ‘ಒಮ್ಮೆ ಬೇಡ ಎಂದೆ, ಇನ್ನು ಮಾತಿಲ್ಲ’ ಎಂದು ಕುಳಿತ ಮನೆಗಳಲ್ಲಿ ಮಕ್ಕಳು ಹೆಚ್ಚು ಕಳೆದುಕೊಂಡರು. 2022ರ ಜನವರಿಯಲ್ಲಿ ಓಮೈಕ್ರಾನ್ ಬಂದಾಗ ಬೆಂಗಳೂರಿನಲ್ಲಿ ಹತ್ತು, ಹನ್ನೊಂದು ಮತ್ತು ಹನ್ನೆರಡನೇ ತರಗತಿ ಬಿಟ್ಟು ಉಳಿದವರಿಗೆ ಶಾಲೆ ಮುಚ್ಚಿದರೂ ತಿಂಗಳೊಳಗೇ ಮತ್ತೆ ತೆರೆಯಿತು. ಸರ್ಕಾರವೂ ಅಷ್ಟರಲ್ಲಿ ಪಾಠ ಕಲಿತಿತ್ತು.

ಮಕ್ಕಳನ್ನು ಕೇಳಿದವರು ಯಾರು?

ಈ ಎಲ್ಲ ಚರ್ಚೆಯಲ್ಲಿ ಒಂದು ದನಿ ಕೇಳಿಸಲೇ ಇಲ್ಲ. ಪಾಲಕರು ಮಾತನಾಡಿದರು, ತಜ್ಞರು ಮಾತನಾಡಿದರು, ಮಂತ್ರಿಗಳು ಮಾತನಾಡಿದರು. ಶಾಲೆಗೆ ಹೋಗಬೇಕಾದ ಮಗುವನ್ನು ಕೇಳಿದವರು ಕಡಿಮೆ. ಗೆಳೆಯರಿಲ್ಲದೆ ಸೊರಗಿದ ಮಕ್ಕಳಿದ್ದರು. ‘ನನ್ನಿಂದ ಅಜ್ಜಿಗೆ ಏನಾದರೂ ಆದರೆ?’ ಎಂದು ಒಳಗೊಳಗೇ ಹೆದರಿದವರೂ ಇದ್ದರು. ಹೆದರಿದ ಮಗುವನ್ನು ಬಲವಂತವಾಗಿ ದೂಡುವುದೂ ತಪ್ಪು, ಹೋಗುತ್ತೇನೆ ಎಂದು ಹಂಬಲಿಸುವ ಮಗುವಿಗೆ ಕಾರಣ ಹೇಳದೆ ಬಾಗಿಲು ಹಾಕುವುದೂ ತಪ್ಪು. ತೀರ್ಮಾನ ದೊಡ್ಡವರದೇ ಇರಲಿ. ಆದರೆ ಅದಕ್ಕೆ ಕಾರಣವೇನೆಂಬುದು ಮಗುವಿಗೆ ತಿಳಿಯಬೇಕು.

ಮುಂದೆ ಇಂಥ ದಿನ ಬಂದರೆ

ಬಾರದಿರಲಿ. ಬಂದರೆ ಪಾಲಕರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಐದು.

ಒಂದು, ನಮ್ಮ ಮನೆಯಲ್ಲಿ ಹೆಚ್ಚು ಅಪಾಯ ಯಾರಿಗೆ? ಮಗುವಿಗೋ, ಹಿರಿಯರಿಗೋ? ಹಿರಿಯರಿಗಾದರೆ ಅವರನ್ನು ಕಾಪಾಡಲು ಮಗುವನ್ನು ಶಾಲೆ ಬಿಡಿಸುವುದಲ್ಲದೆ ಬೇರೆ ದಾರಿ ಇದೆಯೇ?

ಎರಡು, ನಮ್ಮ ಊರಿನಲ್ಲಿ ಕಾಯಿಲೆ ಏರುತ್ತಿದೆಯೋ, ಇಳಿಯುತ್ತಿದೆಯೋ? ದೇಶದ ಸುದ್ದಿಗಿಂತ ತಾಲ್ಲೂಕಿನ ಸುದ್ದಿ ಮುಖ್ಯ.

ಮೂರು, ಶಾಲೆಯ ಕೋಣೆಯಲ್ಲಿ ಗಾಳಿ ಬೆಳಕು ಹೇಗಿದೆ? ಕೊರೊನಾ ಮುಖ್ಯವಾಗಿ ಉಸಿರಿನಿಂದ ಹರಡಿತು. ಬೆಂಚು ಒರೆಸುವುದಕ್ಕಿಂತ ಕಿಟಕಿ ತೆರೆದಿಡುವುದು ದೊಡ್ಡ ರಕ್ಷಣೆ. ಇದನ್ನು ಹೋಗಿ ನೋಡಿ, ಕೇಳಿ. ಕೇಳುವ ಹಕ್ಕು ನಿಮಗಿದೆ.

ನಾಲ್ಕು, ಕಳಿಸದಿದ್ದರೆ ಮಗು ದಿನವಿಡೀ ಏನು ಮಾಡುತ್ತದೆ? ಯಾರು ಓದಿಸುತ್ತಾರೆ? ಇದಕ್ಕೆ ಉತ್ತರವಿಲ್ಲದಿದ್ದರೆ ‘ಬೇಡ’ ಎನ್ನುವುದಕ್ಕೂ ಬೆಲೆ ತೆರಬೇಕಾಗುತ್ತದೆ ಎಂಬುದು ನೆನಪಿರಲಿ.

ಐದು, ಮಗು ಏನು ಹೇಳುತ್ತದೆ?

ಉತ್ತರ ಏನೇ ಬರಲಿ, ಹದಿನೈದು ದಿನಕ್ಕೊಮ್ಮೆ ಅದನ್ನು ಮತ್ತೆ ಪರೀಕ್ಷಿಸಿ. ನೆರೆಮನೆಯವರ ತೀರ್ಮಾನವನ್ನು ನಕಲು ಮಾಡಬೇಡಿ, ಹಳಿಯಲೂ ಬೇಡಿ. ಅವರ ಮನೆಯ ಲೆಕ್ಕ ಬೇರೆ.

ಇನ್ನು ಇಂದಿನ ಮಾತು. ಶಾಲೆ ತೆರೆದೊಡನೆ ನಷ್ಟ ತುಂಬಲಿಲ್ಲ ಎಂಬುದನ್ನು ಕಂಡೇ ಸರ್ಕಾರ 2022-23ರಲ್ಲಿ ‘ಕಲಿಕಾ ಚೇತರಿಕೆ’ ನಡೆಸಿತು. ಆ ದಿನಗಳಲ್ಲಿ ಅಕ್ಷರ ಕಲಿಯಬೇಕಿದ್ದ ಮಕ್ಕಳು ಈಗ ದೊಡ್ಡ ತರಗತಿಗಳಿಗೆ ಬಂದಿದ್ದಾರೆ. ಸಮಾಜ, ವಿಜ್ಞಾನಗಳಲ್ಲಿ ಕಡಿಮೆ ಅಂಕ ಬಂದರೆ ‘ದಡ್ಡ’ ಎಂದು ಗದರುವ ಮೊದಲು ಒಂದು ಕೆಲಸ ಮಾಡಿ. ಅವರ ಕನ್ನಡ ಪುಸ್ತಕದ ಒಂದು ಪುಟ ಗಟ್ಟಿಯಾಗಿ ಓದಿಸಿ, ಎರಡು ಭಾಗಾಕಾರ ಮಾಡಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿಂದಲೇ ಶುರುಮಾಡಿ, ಅದು ಎರಡನೇ ತರಗತಿಯ ಪಾಠವಾದರೂ ಸರಿ. ವಿದ್ಯಾರ್ಥಿಗಳೇ, ನೀವೂ ಅಷ್ಟೆ. ತಿಳಿಯದ್ದನ್ನು ‘ತಿಳಿಯಲಿಲ್ಲ’ ಎಂದು ಮೇಷ್ಟ್ರ ಮುಂದೆ ಹೇಳಲು ನಾಚಬೇಡಿ. ಆ ಎರಡು ವರ್ಷ ಶಾಲೆ ಮುಚ್ಚಿದ್ದು ನಿಮ್ಮ ತಪ್ಪಿನಿಂದಲ್ಲ.