ಸಾವಿರ ಕೆರೆಗಳ ನಡುವೆ ಚಕ್ರದ ಜಾಡು

ಫ್ರಾನ್ಸಿನ ಪೂರ್ವದಲ್ಲಿ, ವೋಜ್ ಬೆಟ್ಟಸಾಲಿನ ದಕ್ಷಿಣ ತಪ್ಪಲಲ್ಲಿ, ಓತ್-ಸೋನ್ ಜಿಲ್ಲೆಗೆ ಸೇರಿದ ಒಂದು ಎತ್ತರದ ಬಯಲಿದೆ. ಅಲ್ಲಿನವರು ಅದನ್ನು ಸಾವಿರ ಕೆರೆಗಳ ಸೀಮೆ ಎನ್ನುತ್ತಾರೆ. ಲೆಕ್ಕಕ್ಕೆ ಸಿಗುವ ಕೆರೆಗಳು ಸುಮಾರು 850, ಅವು ಹರಡಿಕೊಂಡಿರುವ ಜಾಗ ಸುಮಾರು 220 ಚದರ ಕಿಲೋಮೀಟರ್. ಬೀಚ್, ಸ್ಪ್ರೂಸ್ ಮರಗಳ ಕಾಡಿನಲ್ಲಿ ಅರ್ಧ ಗಂಟೆ ಸೈಕಲ್ ತುಳಿದರೆ ನಾಲ್ಕಾರು ಕೆರೆಗಳಾದರೂ ಎದುರಾಗುತ್ತವೆ. ಇಲ್ಲಿಂದ ತುಸು ದೂರದಲ್ಲೇ ಪ್ಲಾನ್ಶ್ ದೆ ಬೆಲ್ ಫೀಯ್ ಎಂಬ ಕಡಿದಾದ ಏರು ಇದೆ. 2012ರಿಂದೀಚೆಗೆ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಹಲವು ಹಂತಗಳು ಅಲ್ಲಿ ಮುಗಿದಿವೆ. ಜಗತ್ತಿನ ಕ್ಯಾಮೆರಾಗಳು ನೋಡಿದ್ದು ಆ ಡಾಂಬರು ರಸ್ತೆಯನ್ನು. ಆದರೆ ಈ ಸೀಮೆಯ ಕಥೆ ಗೊತ್ತಾಗಬೇಕಾದರೆ ದಪ್ಪ ಟೈರಿನ ಮೌಂಟನ್ ಬೈಕಿನಲ್ಲಿ ಕೆಸರಿಗೇ ಇಳಿಯಬೇಕು.

ಫ್ರೆಂಚ್ ಹಳ್ಳಿಗಾಡಿನಲ್ಲಿ ಇಂಥ ದಾರಿಗಳನ್ನು ಗುರುತಿಸುವುದು ಸುಲಭ. ಕಂಬಕ್ಕೋ ಮರಕ್ಕೋ ಬಡಿದ ಪುಟ್ಟ ಫಲಕ, ಅದರಲ್ಲಿ ಒಂದು ತ್ರಿಕೋನ, ಜೊತೆಗೆ ಎರಡು ವೃತ್ತ. ಇದು ಫ್ರೆಂಚ್ ಸೈಕ್ಲಿಂಗ್ ಒಕ್ಕೂಟದ ಗುರುತು. ತ್ರಿಕೋನದ ತುದಿ ತೋರಿದ ಕಡೆಗೆ ಹೋಗಬೇಕು. ಹಸಿರು ಬಣ್ಣವಿದ್ದರೆ ಬಲು ಸುಲಭದ ದಾರಿ, ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಬಲು ಕಷ್ಟ. ಕೆರೆಗಳ ಸೀಮೆಯಲ್ಲಿ ಈ ಬಣ್ಣಗಳಷ್ಟನ್ನೇ ನಂಬಿ ಹೊರಡುವಂತಿಲ್ಲ. ಬೇಸಿಗೆಯಲ್ಲಿ ನೀಲಿ ಅನ್ನಿಸಿದ ದಾರಿ ನವೆಂಬರಿನ ಮಳೆಗೆ ಕೆಂಪಿಗಿಂತ ಕಷ್ಟವಾದೀತು. ಏಕೆಂದರೆ ಇಲ್ಲಿ ನೀರು ಕೆರೆಯಲ್ಲಿ ಮಾತ್ರ ಇರುವುದಿಲ್ಲ, ಕಾಲಡಿಯ ನೆಲದಲ್ಲೂ ಇರುತ್ತದೆ.

ಅದಕ್ಕೆ ಕಾರಣ ಹಿಮ. ಕೊನೆಯ ಹಿಮಯುಗದಲ್ಲಿ ಈ ಬಯಲನ್ನು ದಪ್ಪನೆಯ ಹಿಮದ ಹೊದಿಕೆ ಮುಚ್ಚಿತ್ತು. ನಿಧಾನವಾಗಿ ಜರುಗುವ ಹಿಮನದಿ ಅಡಿಯಲ್ಲಿ ಸಿಕ್ಕ ಬಂಡೆಯನ್ನು ಉಜ್ಜಿ, ಮೆದುವಾದ ಕಡೆ ಕೆತ್ತಿ ತಗ್ಗು ಮಾಡುತ್ತದೆ. ಕಿತ್ತ ಕಲ್ಲು, ಮರಳು, ಜೇಡಿಯನ್ನು ಹೊತ್ತೊಯ್ದು ಬೇರೆಡೆ ಗುಡ್ಡೆ ಹಾಕುತ್ತದೆ. ಸುಮಾರು 12,000 ವರ್ಷಗಳ ಹಿಂದೆ ಹಿಮ ಕರಗಿ ಹೋದಾಗ ಉಳಿದದ್ದು ನೂರಾರು ತಗ್ಗುಗಳು ಮತ್ತು ಅವುಗಳ ತಳಕ್ಕೆ ಬಳಿದಂತಿದ್ದ ನೀರು ಬಿಡದ ಮಣ್ಣು. ದಾರಿಯ ಪಕ್ಕದಲ್ಲಿ ಒಂಟಿಯಾಗಿ ಕೂತ ದೊಡ್ಡ ಗುಂಡುಗಳನ್ನು ಅಲ್ಲಿಗೆ ತಂದದ್ದೂ ಆ ಹಿಮವೇ.

ತಗ್ಗು ಕೊಟ್ಟದ್ದು ಹಿಮವಾದರೂ ಕೆರೆ ಕಟ್ಟಿದ್ದು ಮನುಷ್ಯ. ನೋಡಲು ಅಪ್ಪಟ ಕಾಡಿನಂತಿರುವ ಈ ನೀರಿನ ಹರವುಗಳಲ್ಲಿ ಹೆಚ್ಚಿನವು ಏರಿ ಹಾಕಿ ನಿಲ್ಲಿಸಿದ ನೀರು. ಹತ್ತಿರದ ಲುಕ್ಸೊಯ್‌ನಲ್ಲಿ ಐರಿಷ್ ಸನ್ಯಾಸಿ ಕೊಲಂಬಾನಸ್ ಆರನೆಯ ಶತಮಾನದ ಕೊನೆಯಲ್ಲೇ ಮಠ ಸ್ಥಾಪಿಸಿದ್ದ. ಮಧ್ಯಯುಗದುದ್ದಕ್ಕೂ ಮಠಗಳೂ ರೈತರೂ ಜೌಗಿನ ಪೀಟ್ ಮಣ್ಣನ್ನು ಉರುವಲಿಗೆಂದು ಅಗೆದು, ಅಗೆದ ಹಳ್ಳಗಳಿಗೆ ಏರಿ ಕಟ್ಟಿ ಮೀನು ಸಾಕಿದರು. ಕ್ರೈಸ್ತ ಪಂಚಾಂಗದಲ್ಲಿ ಮಾಂಸ ಮುಟ್ಟಬಾರದ ದಿನಗಳು ಬಹಳ. ಸಮುದ್ರ ದೂರ. ಹಾಗಾಗಿ ಕಾರ್ಪ್ ಮೀನಿಗೆ ಎಲ್ಲಿಲ್ಲದ ಬೇಡಿಕೆ.

ಇಂಥ ಕೆರೆಯ ಜೀವ ಇರುವುದು ತೂಬಿನಲ್ಲಿ. ಫ್ರಾನ್ಸಿನ ಮೀನುಕೆರೆಗಳಲ್ಲಿ ಹೆಚ್ಚಾಗಿ ಕಾಣುವ ಒಂದು ಬಗೆಯ ತೂಬನ್ನು ಹತ್ತಿರದಿಂದ ನೋಡಬೇಕು. ಏರಿಯ ಒಳಮಗ್ಗುಲಲ್ಲಿ ಕಾಂಕ್ರೀಟಿನ ಒಂದು ನಿಂತ ಪೆಟ್ಟಿಗೆ, ಅದರ ಎರಡು ಗೋಡೆಗಳಲ್ಲಿ ಮೇಲಿಂದ ಕೆಳಗಿನವರೆಗೆ ಕೊರೆದ ತೋಡುಗಳು. ಆ ತೋಡುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಒಂದು ಸಾಲು ಹಲಗೆ, ಅದರ ಹಿಂದೆ ಇನ್ನೊಂದು ಸಾಲು, ನಡುವೆ ಜೇಡಿಮಣ್ಣು ತುಂಬಿ ತುಳಿದರೆ ನೀರು ಸೋರುವುದಿಲ್ಲ. ಒಂದು ಹಲಗೆ ತೆಗೆದರೆ ಕೆರೆಯ ಮಟ್ಟ ಒಂದು ಹಲಗೆಯಷ್ಟು ಇಳಿಯುತ್ತದೆ. ಮುಂದೆ ಮತ್ತೊಂದು ಹಲಗೆಸಾಲನ್ನು ತಳದಲ್ಲಿ ತೆರಪು ಬಿಟ್ಟು ನಿಲ್ಲಿಸಿದರೆ ಹೊರಹೋಗುವುದು ಮೇಲಿನ ಬಿಸಿನೀರಲ್ಲ, ತಳದ ತಣ್ಣೀರು. ಇದು ಸಣ್ಣ ಸಂಗತಿಯಲ್ಲ. ಬಿಸಿಲಿಗೆ ಬೆಚ್ಚಗಾದ ಮೇಲ್ನೀರು ಕೋಡಿ ಹರಿದು ಕೆಳಗಿನ ತೊರೆಗೆ ಸೇರಿದರೆ ಅಲ್ಲಿನ ಟ್ರೌಟ್ ಮೀನಿಗೆ ಕುತ್ತು. ಟ್ರೌಟ್‌ಗೆ ತಣ್ಣನೆಯ, ಆಮ್ಲಜನಕ ತುಂಬಿದ ನೀರು ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿ ಉಳಿಯುವ ಆಮ್ಲಜನಕ ಕಡಿಮೆ.

ಕಾಡುದಾರಿಗಳು ಬಹಳ ಕಡೆ ಹಾದುಹೋಗುವುದು ಏರಿಯ ಮೇಲೆಯೇ. ಜೌಗಿನ ನಡುವೆ ಒಣನೆಲ ಅಂತ ಇರುವುದು ಅದೊಂದೇ. ಹಾಗಾದರೆ ಚಕ್ರ ಆ ಮಣ್ಣಿಗೆ ಮಾಡುವುದೇನು?

ಸವಾರ ಮತ್ತು ಸೈಕಲ್ ಸೇರಿ 90 ಕಿಲೋ ಅಂದುಕೊಳ್ಳಿ. ಟೈರಿನ ಗಾಳಿ 1.7 ಬಾರ್, ಅಂದರೆ ಸುಮಾರು 25 ಪಿಎಸ್‌ಐ. ಟೈರು ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. ಭಾರವನ್ನು ಒತ್ತಡದಿಂದ ಭಾಗಿಸಿದರೆ ನೆಲ ಮುಟ್ಟಿರುವ ಜಾಗ ಸಿಗುತ್ತದೆ: ಎರಡೂ ಚಕ್ರ ಸೇರಿ ಐವತ್ತು ಚದರ ಸೆಂಟಿಮೀಟರಿನ ಆಸುಪಾಸು, ಒಂದು ಎಟಿಎಂ ಕಾರ್ಡಿಗಿಂತ ಕೊಂಚ ದೊಡ್ಡದು. ಗಾಳಿ ಇಳಿಸಿದರೆ ಈ ಜಾಗ ಹಿಗ್ಗುತ್ತದೆ, ಹಿಡಿತ ಹೆಚ್ಚುತ್ತದೆ, ಮಣ್ಣಿನ ಮೇಲಿನ ಒತ್ತಡವೂ ತಗ್ಗುತ್ತದೆ. ಕೆಸರಿನ ದಿನ ಅನುಭವಿ ಸವಾರರು ಟೈರಿನ ಗಾಳಿ ಸ್ವಲ್ಪ ಬಿಡುವುದು ಇದಕ್ಕೇ.

ಒಣ ಮಣ್ಣಿನಲ್ಲಿ ಕಣಗಳು ಒಂದಕ್ಕೊಂದು ಒತ್ತಿಕೊಂಡು ಭಾರ ಹೊರುತ್ತವೆ. ನೀರು ತುಂಬಿ ಸಂದುಗಳೆಲ್ಲ ಮುಚ್ಚಿದಾಗ ಮೇಲಿನ ಭಾರವನ್ನು ಮೊದಲು ತಾಳಿಕೊಳ್ಳುವುದು ಆ ನೀರು. ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ, ಮಣ್ಣು ಜಾರತೊಡಗುತ್ತದೆ. ನಡೆಯುವವನ ಹೆಜ್ಜೆಗಳು ಬಿಡಿಬಿಡಿ ಗುಳಿ ಮಾಡಿದರೆ ಚಕ್ರ ಮಾಡುವುದು ಉದ್ದಕ್ಕೆ ಒಂದೇ ಗೀರು. ಇಳಿಜಾರಿನಲ್ಲಿ ಆ ಗೀರೇ ಕಾಲುವೆ. ಮಳೆನೀರು ಅಲ್ಲಿ ಸೇರಿ, ಆಳವಾದಷ್ಟೂ ವೇಗ ಪಡೆದು, ವೇಗ ಹೆಚ್ಚಿದಷ್ಟೂ ಮಣ್ಣು ಕೊಚ್ಚುತ್ತದೆ. ಏರಿಯ ನೆತ್ತಿಯ ಮೇಲಂತೂ ಇದು ಇನ್ನೂ ಅಪಾಯ. ತುಳಿದು ತುಳಿದು ಒಂದು ಕಡೆ ನೆತ್ತಿ ತಗ್ಗಾದರೆ, ಕೆರೆ ತುಂಬಿ ಉಕ್ಕುವ ದಿನ ನೀರು ಕೋಡಿಗೆ ಹೋಗುವ ಬದಲು ಆ ತಗ್ಗನ್ನೇ ಹುಡುಕಿಕೊಂಡು ಬಂದು ಮಣ್ಣಿನ ಏರಿಯನ್ನು ಕೊರೆಯಬಲ್ಲದು.

ಹಾಗೆಂದು ಸೈಕಲ್ಲನ್ನೇ ದೂರುವುದು ನ್ಯಾಯವಲ್ಲ, ಅಳತೆ ಮಾಡಿದವರ ಮಾತು ಬೇರೆ. ಜಾನ್ ವಿಲ್ಸನ್ ಮತ್ತು ಜೋಸೆಫ್ ಸೆನಿ 1994ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದ ಬೆಟ್ಟದಾರಿಗಳ ಅಧ್ಯಯನ ಪ್ರಕಟಿಸಿದರು. ಕುದುರೆ, ಮೋಟಾರ್‌ಸೈಕಲ್, ಸೈಕಲ್, ಕಾಲ್ನಡಿಗೆ ನಾಲ್ಕನ್ನೂ ಹೋಲಿಸಿದಾಗ ಮಣ್ಣು ಸಡಿಲಿಸಿ ಕೊಚ್ಚಿಹೋಗಲು ಬಿಡುವುದರಲ್ಲಿ ಪಾದಗಳು ಮತ್ತು ಗೊರಸುಗಳು ಚಕ್ರಗಳಿಗಿಂತ ಮುಂದಿದ್ದವು. ಈಡನ್ ಥರ್ಸ್‌ಟನ್ ಮತ್ತು ರಿಚರ್ಡ್ ರೀಡರ್ 2001ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹಾದಿಯೇ ಇಲ್ಲದ ಕಾಡುನೆಲದ ಮೇಲೆ 500 ಸಲದವರೆಗೆ ನಡೆಸಿ, ಸೈಕಲ್ ಓಡಿಸಿ ನೋಡಿದ ಫಲಿತಾಂಶ ಕೊಟ್ಟರು. ಗಿಡಗಳ ನಾಶ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹಾನಿ ಹಾದಿಯ ನಡುಗೆರೆಯ ಆಸುಪಾಸಿಗೇ ಸೀಮಿತ. ವರ್ಷ ಕಳೆಯುವಷ್ಟರಲ್ಲಿ ನೆಲ ಬಹುಪಾಲು ಚೇತರಿಸಿಕೊಂಡಿತ್ತು. ಇವೆರಡನ್ನೂ ಒಟ್ಟಿಗೆ ಓದಿದರೆ ಮುಖ್ಯವಾಗುವುದು ವಾಹನಕ್ಕಿಂತ ದಾರಿ ಹಾದುಹೋಗುವ ಜಾಗ ಮತ್ತು ಸವಾರ ಬ್ರೇಕ್ ಹಿಡಿಯುವ ರೀತಿ. ಚಕ್ರ ಉರುಳುವುದಕ್ಕೂ ಬ್ರೇಕ್ ಒತ್ತಿ ಸೆಟೆದ ಚಕ್ರ ಮಣ್ಣನ್ನು ಹೆರೆಯುವುದಕ್ಕೂ ಅಜಗಜಾಂತರ. ಕೆಸರನ್ನು ತಪ್ಪಿಸಲು ಪಕ್ಕಕ್ಕೆ ಹೊರಳುವುದೂ ಅಷ್ಟೇ ಕೆಟ್ಟದ್ದು. ಒಂದಡಿ ದಾರಿ ಮೂರಡಿಯಾಗುವುದು ಹಾಗೆಯೇ.

ದಾರಿ ಕಟ್ಟುವವರಿಗೆ ಇದಕ್ಕೊಂದು ಪಳಗಿದ ಸೂತ್ರವಿದೆ: ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧ ಮೀರಬಾರದು. ಆಗ ನೀರು ದಾರಿಯುದ್ದಕ್ಕೆ ಹರಿಯದೆ ಅಡ್ಡ ದಾಟಿಹೋಗುತ್ತದೆ.

ವೋಜ್ ಕೆರೆಗಳ ಅಂಚಿನಲ್ಲಿ ಈ ಯಾವ ಸೂತ್ರವೂ ನಡೆಯದ ನೆಲವೊಂದಿದೆ, ಅದು ಪೀಟ್ ಜೌಗು. ಅಲ್ಲಿ ಬೆಳೆಯುವ ಸ್ಫ್ಯಾಗ್ನಮ್ ಪಾಚಿ ತನ್ನ ಒಣ ತೂಕದ ಇಪ್ಪತ್ತು ಪಟ್ಟಿನಷ್ಟು ನೀರು ಹಿಡಿದಿಡಬಲ್ಲದು. ಸುತ್ತಲಿನ ನೀರನ್ನು ಆಮ್ಲೀಯ ಮಾಡುತ್ತದೆ. ಸತ್ತ ಪಾಚಿ ಕೊಳೆಯದೆ ಅಡಿಯಲ್ಲಿ ಪದರವಾಗಿ ಕೂರುತ್ತದೆ, ವರ್ಷಕ್ಕೆ ಸರಿಸುಮಾರು ಒಂದು ಮಿಲಿಮೀಟರ್. ಒಂದು ಟೈರು ಅರ್ಧ ಅಡಿ ಹೂತರೆ ಅದು ಕಲಕುವುದು ಒಂದೂವರೆ ಶತಮಾನದ ಸಂಚಯ. ಜಗತ್ತಿನ ನೆಲದಲ್ಲಿ ಪೀಟ್ ಇರುವುದು ಶೇಕಡ 3ರಷ್ಟು ಮಾತ್ರ, ಆದರೆ ಮಣ್ಣಿನಲ್ಲಿರುವ ಇಂಗಾಲದ ಮೂರನೇ ಒಂದು ಭಾಗ ಅದರಲ್ಲಿ ಸೇರಿದೆ. ಇಲ್ಲಿ ಮರದ ಹಲಗೆ ಹಾಸಿದ ಕಾಲುದಾರಿಯಿಂದ ಕೆಳಗಿಳಿಯಬಾರದು. ಹುಳ ಹಿಡಿದು ತಿನ್ನುವ ಡ್ರೊಸೆರಾ ಗಿಡವನ್ನು ನೋಡುವ ಆಸೆಯಿದ್ದರೆ ಹಲಗೆಯ ಮೇಲೆಯೇ ಮಂಡಿಯೂರಿದರೆ ಸಾಕು.

ಫ್ರಾನ್ಸಿನಲ್ಲಿ ಕೆರೆಗಳ ಸೀಮೆ ಇದೊಂದೇ ಅಲ್ಲ. ಲಿಯಾನ್ ನಗರದ ಈಶಾನ್ಯಕ್ಕಿರುವ ದೋಂಬ್ ಸೀಮೆಯ ಕೆರೆಗಳ ಲೆಕ್ಕವೇ ಬೇರೆ. ಚಪ್ಪಟೆ ಜೇಡಿನೆಲದಲ್ಲಿ ಸಾವಿರಕ್ಕೂ ಮೀರಿ ಕೆರೆಗಳು. ಇಲ್ಲಿ ಒಂದೇ ಜಾಗ ಮೂರು ನಾಲ್ಕು ವರ್ಷ ಕೆರೆ, ಆಮೇಲೆ ಒಂದು ವರ್ಷ ಹೊಲ. ಶರತ್ಕಾಲದಿಂದ ಚಳಿಗಾಲದವರೆಗೆ ತೂಬು ತೆರೆದು ಮೀನು ಹಿಡಿಯುತ್ತಾರೆ. ಸರದಿ ಬಂದ ವರ್ಷ ನೀರು ತುಂಬದೆ ಓಟ್ಸೋ ಜೋಳವೋ ಬಿತ್ತುತ್ತಾರೆ. ಹೂಳಿಗೆ ಗಾಳಿಯಾಡಿ ಸೂಕ್ಷ್ಮಜೀವಿಗಳು ಅದರ ಕಸವನ್ನು ಬೆಳೆಗೆ ಬೇಕಾದ ಪೋಷಕಾಂಶವಾಗಿ ಒಡೆಯುತ್ತವೆ. ಮತ್ತೆ ನೀರು ತುಂಬಿದಾಗ ಕೊಯ್ದುಳಿದ ಕೂಳೆ ಕೊಳೆತು ಸೂಕ್ಷ್ಮ ಜಲಜೀವಿಗಳಿಗೆ ಮೇವಾಗುತ್ತದೆ, ಅವು ಕಾರ್ಪ್ ಮರಿಗಳಿಗೆ ಮೇವಾಗುತ್ತವೆ. ಗೊಬ್ಬರದ ಚೀಲವಿಲ್ಲದ ಕಾಲದಲ್ಲಿ ರೂಪುಗೊಂಡ ಈ ಬೇಸಾಯದ ಜಾಣ್ಮೆ ಮೆಚ್ಚುವಂಥದ್ದು. ಒಂದು ಕೆರೆ ಖಾಲಿ ಮಾಡಿದ ನೀರು ಕೆಳಗಿನ ಕೆರೆ ತುಂಬುವುದರಿಂದ ನೆರೆಹೊರೆಯವರು ಮಾತಾಡಿಕೊಳ್ಳದೆ ಇಲ್ಲಿ ಯಾವ ತೂಬೂ ತೆರೆಯುವಂತಿಲ್ಲ.

ಇದೇ ನೀರು ಹತ್ತೊಂಬತ್ತನೆಯ ಶತಮಾನದಲ್ಲಿ ಚಳಿಜ್ವರದ ನೆಲೆಯೂ ಆಗಿತ್ತು. 1863ರಲ್ಲಿ ಟ್ರಾಪಿಸ್ಟ್ ಸನ್ಯಾಸಿಗಳು ಇಲ್ಲಿ ಮಠ ಕಟ್ಟಿದ್ದು ಸೀಮೆಯನ್ನು ಹಸನು ಮಾಡುವ ಉದ್ದೇಶವನ್ನೂ ಇಟ್ಟುಕೊಂಡು. ಜ್ವರಕ್ಕೆ ಜೌಗಿನ ಕೆಟ್ಟ ಗಾಳಿಯೇ ಕಾರಣವೆಂದು ನಂಬಿ ಅನೇಕ ಕೆರೆಗಳನ್ನು ಬಸಿದರು. ನಿಜವಾದ ಕಾರಣ ತಿಳಿದದ್ದು ಆಮೇಲೆ: ಫ್ರೆಂಚ್ ವೈದ್ಯ ಲಾವೆರಾನ್ ಈ ಜ್ವರದ, ಅಂದರೆ ಮಲೇರಿಯಾದ, ಪರೋಪಜೀವಿಯನ್ನು ಕಂಡದ್ದು 1880ರಲ್ಲಿ. ಅದು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರಲ್ಲಿ ನಮ್ಮ ಸಿಕಂದರಾಬಾದಿನಲ್ಲಿ ತೋರಿಸಿದ.

ಫ್ರಾನ್ಸಿನ ನಡುಭಾಗದ ಬ್ರೆನ್ ಸೀಮೆಯಲ್ಲಿ ಸವಾರರು ಜೂನ್ ತಿಂಗಳಲ್ಲಿ ದಾರಿಯ ಮೇಲೆ ಕಣ್ಣಿಟ್ಟಿರಬೇಕು. 1989ರಿಂದ ಪ್ರಾದೇಶಿಕ ನಿಸರ್ಗ ಉದ್ಯಾನವಾಗಿರುವ ಈ ನಾಡಿನ ಕೆರೆಗಳಲ್ಲಿ ಯುರೋಪಿನ ಕೆರೆ ಆಮೆ ದೊಡ್ಡ ಸಂಖ್ಯೆಯಲ್ಲಿದೆ. ಕಪ್ಪು ಚಿಪ್ಪು, ಮೈತುಂಬ ಹಳದಿ ಚುಕ್ಕೆ, ಅಂಗೈಗಿಂತ ತುಸು ದೊಡ್ಡದು. ಮೊಟ್ಟೆಯಿಡಲು ಹೆಣ್ಣಾಮೆ ನೀರು ಬಿಟ್ಟು ಬಿಸಿಲು ಬೀಳುವ ಒಣ ಹುಲ್ಲುಗಾವಲನ್ನೋ ಮರಳುದಾರಿಯನ್ನೋ ಹುಡುಕಿ ನೂರಾರು ಮೀಟರ್ ನಡೆಯುತ್ತದೆ. ನೆಲ ಗಟ್ಟಿಯಿದ್ದರೆ ತನ್ನ ಒಡಲಲ್ಲಿ ತಂದ ನೀರನ್ನು ಸುರಿದು ಮಣ್ಣು ಮೆತ್ತಗೆ ಮಾಡಿಕೊಂಡು, ಹಿಂಗಾಲುಗಳಿಂದಲೇ ಗುಳಿ ತೋಡಿ, ಮೊಟ್ಟೆಯಿಟ್ಟು ಮತ್ತೆ ಮುಚ್ಚಿ ತಟ್ಟುತ್ತದೆ. ಮುಚ್ಚಿದ ಮೇಲೆ ಅಲ್ಲೊಂದು ಗೂಡಿದೆಯೆಂದು ತಿಳಿಯುವುದೇ ಇಲ್ಲ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಆ ಮಣ್ಣಿನ ಬಿಸಿ. ಫ್ರೆಂಚ್ ಜೀವವಿಜ್ಞಾನಿ ಕ್ಲೋದ್ ಪಿಯೊ 1970ರ ದಶಕದ ಆರಂಭದಲ್ಲಿ ಇದೇ ಆಮೆಯ ಮೊಟ್ಟೆಗಳ ಮೇಲೆ ಪ್ರಯೋಗ ಮಾಡಿ ತೋರಿಸಿದಂತೆ, ಸುಮಾರು 28 ಡಿಗ್ರಿಗಿಂತ ತಂಪಾದರೆ ಗಂಡು, 30ರತ್ತ ಏರಿದರೆ ಹೆಣ್ಣು. ದಾರಿಯ ಅಂಚಿನ ಮರ ಬೆಳೆದು ನೆರಳು ಹಬ್ಬಿದರೂ, ಬೇಸಿಗೆಗಳು ಸುಡತೊಡಗಿದರೂ ಈ ಲೆಕ್ಕ ಏರುಪೇರಾಗುತ್ತದೆ.

ಇನ್ನೂ ಉತ್ತರಕ್ಕೆ, ಲ್ವಾರ್ ನದಿಯ ದಕ್ಷಿಣದ ಸೊಲೋನ್ಯದಲ್ಲಿ ಕಾಡು, ಕೆರೆ ಎರಡೂ ಬಹುಪಾಲು ಖಾಸಗಿ ಒಡೆತನದವು. ಬೇಟೆಗೆಂದು ಕಾಡುಹಂದಿ, ಜಿಂಕೆಗಳನ್ನು ಕೂಡಿಹಾಕಲು ಒಡೆಯರು ಮೈಲುಗಟ್ಟಲೆ ಎತ್ತರದ ಬೇಲಿ ಹಾಕಿಸಿದ್ದರು. ಸಾರ್ವಜನಿಕ ದಾರಿಗಳು ಎರಡು ತಂತಿಗೋಡೆಗಳ ನಡುವೆ ಸಿಕ್ಕಿಕೊಂಡವು. 2023ರ ಫೆಬ್ರವರಿ 2ರ ಕಾನೂನು ಇದಕ್ಕೆ ಕಡಿವಾಣ ಹಾಕಿತು. ನಿಸರ್ಗ ಪ್ರದೇಶಗಳಲ್ಲಿ ಬೇಲಿ 1.20 ಮೀಟರ್‌ಗಿಂತ ಎತ್ತರ ಇರಬಾರದು, ನೆಲದಿಂದ 30 ಸೆಂಟಿಮೀಟರ್ ಮೇಲಿರಬೇಕು, ಪ್ರಾಣಿಗಳು ಮೇಲಿಂದಲೋ ಕೆಳಗಿಂದಲೋ ದಾಟುವಂತಿರಬೇಕು. ಮೂವತ್ತು ವರ್ಷಕ್ಕಿಂತ ಈಚಿನ ಬೇಲಿಗಳನ್ನು 2027ರ ಜನವರಿ 1ರೊಳಗೆ ಈ ಅಳತೆಗೆ ತರಬೇಕು. ಅದೇ ಕಾನೂನು ಇನ್ನೊಂದನ್ನೂ ಹೇಳಿದೆ: ಖಾಸಗಿ ಎಂದು ಗುರುತು ಹಾಕಿದ ಕಾಡಿಗೆ ಅನುಮತಿಯಿಲ್ಲದೆ ನುಗ್ಗಿದವರಿಗೆ ದಂಡ. ಬೇಲಿ ತಗ್ಗಿತೆಂದು ಸೈಕಲ್ ಎತ್ತಿ ಆಚೆ ಇಳಿಸುವಂತಿಲ್ಲ, ಸವಾರನ ಹಕ್ಕು ಸಾರ್ವಜನಿಕ ದಾರಿಯ ಅಂಚಿಗೇ ಮುಗಿಯುತ್ತದೆ.